ಮಧ್ಯಾಹ್ನ ಒಂದರಿಂದ ನಾಲ್ಕು

ಪ್ರೇಮಕಾದಂಬರಿ ಬರೆಯುವವರ ಮನೆಗೆ ಮೊದಲ ಸಲ ಹೋಗುವವರಿಗೆ ಒಂದು ಬುದ್ಧಿಮಾತು: ಕಪಾಟಿನ ಮುಂದಿನ ಸಾಲು ನೋಡಿ ಮೋಸಹೋಗಬೇಡಿ. ಮುಂದಿನ ಸಾಲು ಇರುವುದೇ ಬಂದುಹೋಗುವವರಿಗಾಗಿ. ಅಲ್ಲಿ ಕುವೆಂಪು, ಬೇಂದ್ರೆ, ಭೈರಪ್ಪ ಇರುತ್ತಾರೆ. ತ್ರಿವೇಣಿಯವರ ಒಂದೆರಡು ಹಳೆಯ ಮುದ್ರಣಗಳಿರುತ್ತವೆ. ಸನ್ಮಾನದಲ್ಲಿ ಶಾಲಿನ ಜೊತೆ ಕೊಟ್ಟ, ಯಾರೂ ತೆರೆಯದ ಕವನಸಂಕಲನಗಳಿರುತ್ತವೆ. ಅವುಗಳಲ್ಲಿ ಒಂದನ್ನು ಎಳೆದು ಹಿಂದಕ್ಕೆ ಕೈ ಹಾಕಬೇಕು. ನಾನು ಹಾಕಿದೆ. ಕಂದು ಕಾಗದದ ಹೊದಿಕೆ ಹಾಕಿ, ಬೆನ್ನಿನ ಮೇಲೆ ದುಂಡು ಅಕ್ಷರದಲ್ಲಿ ‘ಶ್ರೀ ಗುರುಚರಿತ್ರೆ’ ಎಂದು ಬರೆದ ಪುಸ್ತಕ ಕೈಗೆ ಬಂತು. ಕಣ್ಣಿಗೊತ್ತಿಕೊಂಡು ತೆರೆದರೆ ಒಳಗೆ ಬಾಬುರಾವ್ ಅರ್ನಾಳಕರ್! ದತ್ತ ಮಹಾರಾಜರು ಇರಬೇಕಾದ ಜಾಗದಲ್ಲಿ ಒಂದು ಹೆಣ, ಒಂದು ಪಿಸ್ತೂಲು, ಕತ್ತಲಲ್ಲಿ ಓಡಿಹೋಗುತ್ತಿರುವ ಒಬ್ಬ ಮುಸುಕುಧಾರಿ.

ಇದು ಪುಣೆಯ ಕರ್ವೆನಗರದಲ್ಲಿ ನಮ್ಮ ಮೇಲಿನ ಮಹಡಿಯಲ್ಲಿರುವ ಕಾಕೂ ಅವರ ಕಪಾಟು.

ಕಾಕೂ ಹುಟ್ಟಿದ್ದು ಬೆಳಗಾವಿಯಲ್ಲಿ, ಮದುವೆಯಾಗಿ ಬಂದದ್ದು ಪುಣೆಗೆ. ಕಾಕಾ ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ಸರ್ವೀಸು ಮುಗಿಸಿದವರು. 1869ರಿಂದ ಗುಂಡು ತಯಾರಿಸುತ್ತಿರುವ ಜಾಗದಿಂದ ದಿನಾ ಸಂಜೆ ಮನೆಗೆ ಬಂದ ಗಂಡನ ಎದುರು ಕೂತು ಕಾಕೂ ಬರೆದದ್ದು ಪ್ರೇಮವನ್ನು. ಬೆಂಗಳೂರಿನ ವಾರಪತ್ರಿಕೆಗೆ ಧಾರಾವಾಹಿ. ನಾಯಕನಿಗೆ ಕಡ್ಡಾಯವಾಗಿ ಚಿಕ್ಕಮಗಳೂರಿನಲ್ಲಿ ಕಾಫಿ ತೋಟ, ಎದೆಯಲ್ಲೊಂದು ಹಳೆಯ ನೋವು. ನಾಯಕಿಗೆ ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಮದುವೆಗಿರುವ ತಂಗಿ. ಕಾಕೂ ಚಿಕ್ಕಮಗಳೂರು ನೋಡಿಲ್ಲ, ಕಾಫಿ ಕುಡಿಯುವುದಿಲ್ಲ. ಅವರದು ಶುಂಠಿ ಜಜ್ಜಿ ಹಾಕಿದ ಚಹಾ. ಅವರ ಮುಳ್ಳಯ್ಯನಗಿರಿ ಎಂದರೆ ಸಿಂಹಗಡ. ನಾಯಕಿ ಸೆರಗು ಹಾರಿಸಿಕೊಂಡು ನಿಲ್ಲುವ ಕೆರೆ ಏರಿ ಎಂದರೆ ಖಡಕ್‌ವಾಸ್ಲಾ ಅಣೆಕಟ್ಟು. ಒಂದು ಕಂತಿನಲ್ಲಿ ಮುಳ್ಳಯ್ಯನಗಿರಿಯ ತುದಿಯಲ್ಲಿ ನಾಯಕ ನಾಯಕಿಗೆ ಪಿಠಲಾ-ಭಾಕರಿ ಕೊಡಿಸಿದ. ಒಬ್ಬ ಓದುಗರೂ ತಕರಾರು ಮಾಡಲಿಲ್ಲ. ಪ್ರೀತಿಯಲ್ಲಿ ಬಿದ್ದವರು ಏನು ತಿಂದರು ಎಂದು ಯಾರು ನೋಡುತ್ತಾರೆ?

ಇದು ಕಾಕೂ ಒಬ್ಬರ ಕಥೆಯಲ್ಲ, ಒಂದು ಜಾತಿಯ ಲಕ್ಷಣ. ನನಗೆ ಗೊತ್ತಿರುವ ಇನ್ನೊಬ್ಬರು ಹೆಣ್ಣಿನ ಹೆಸರಿನಲ್ಲಿ ಪ್ರೇಮಕಥೆ ಬರೆಯುವ ಮೀಸೆಯ ಮಹನೀಯರು. ಅವರು ಮನಸ್ಸಿಟ್ಟು ಓದುವುದು ಷೇರುಪೇಟೆಯ ಪುಟ ಒಂದನ್ನೇ. ಮಗದೊಬ್ಬರು ಯುದ್ಧದ ಇತಿಹಾಸ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಮಿಠಾಯಿ ಅಂಗಡಿಯವನು ಮನೆಗೆ ಹೋಗಿ ಮೆಣಸಿನಕಾಯಿ ಭಜ್ಜಿ ಕರಿಸಿಕೊಂಡು ತಿನ್ನುವ ಹಾಗೆ. ಇದನ್ನು ಆಡಿಕೊಳ್ಳುವ ಯೋಗ್ಯತೆ ನನಗೂ ಅಷ್ಟಾಗಿ ಇಲ್ಲ. ಹಾಸ್ಯ ಬರೆಯುತ್ತೇನೆಂದು ಹೇಳಿಕೊಳ್ಳುವ ನಾನು ಬೆಳಿಗ್ಗೆ ಪೇಪರಿನಲ್ಲಿ ಮೊದಲು ತೆರೆಯುವುದು ಶ್ರದ್ಧಾಂಜಲಿಯ ಪುಟವನ್ನು.

ಕಾಕೂ ಅವರ ಓದಿಗೆ ಅದರದೇ ಮಡಿ-ಮೈಲಿಗೆ ಇದೆ. ಬೆಳಗಾವಿಯ ಬಾಲ್ಯದಲ್ಲಿ ಅಂಟಿದ್ದು ಅರ್ನಾಳಕರ್. ಸಾವಿರಕ್ಕೂ ಹೆಚ್ಚು ರಹಸ್ಯಕಥೆ ಬರೆದ ಆ ಪುಣ್ಯಾತ್ಮ ಒಂದು ಜನ್ಮಕ್ಕೆ ಸಾಕಾಗುವಷ್ಟು ಬಿಟ್ಟುಹೋಗಿದ್ದಾರೆ. ಕನ್ನಡದಲ್ಲಿ ಎನ್. ನರಸಿಂಹಯ್ಯ, ಅವರ ಪತ್ತೇದಾರ ಪುರುಷೋತ್ತಮ. ಮಳೆಗಾಲದ ರಾತ್ರಿ ಕರೆಂಟು ಹೋದರೆ ಪುಣೆಯವರೇ ಆದ ನಾರಾಯಣ ಧಾರಪರ ಭಯದ ಕಥೆಗಳು, ಅದೂ ಮೇಣದ ಬತ್ತಿಯಲ್ಲಿ. ಕಾಶೀನಾಥ ರಘುನಾಥ ಮಿತ್ರರು 1909ರಲ್ಲಿ ‘ಮನೋರಂಜನ’ದ ದೀಪಾವಳಿ ಸಂಚಿಕೆ ತಂದು ಮರಾಠಿಗರಿಗೆ ಹಚ್ಚಿದ ಚಟ ಕಾಕೂಗೂ ಇದೆ. ವಾಚನಾಲಯದಲ್ಲಿ ಹಣ ಕಟ್ಟಿ ಹಬ್ಬದಿಂದ ಹೋಳಿಯವರೆಗೆ ದಿವಾಳಿ ಅಂಕ ತರುತ್ತಾರೆ. ಎಲ್ಲರೂ ‘ಮೌಜ್’ ಕೇಳಿದರೆ ಇವರಿಗೆ ‘ಧನಂಜಯ’ ಮತ್ತು ‘ನವಲ್’ ಬೇಕು, ಒಂದರಲ್ಲಿ ಕೊಲೆ, ಇನ್ನೊಂದರಲ್ಲಿ ದೆವ್ವ. ಇಂಗ್ಲಿಷಿನಲ್ಲಿ ಅಗಾಥಾ ಕ್ರಿಸ್ಟಿ, ಅದರಲ್ಲೂ ವಿಷಪ್ರಯೋಗವಿದ್ದರೆ ಒಂದು ತೂಕ ಹೆಚ್ಚು. ಗುಂಡು ಹಾರಿಸುವ ಕೊಲೆ ಅವರಿಗೆ ಸೇರದು. ಗುಂಡು ಮನೆಯಲ್ಲೇ ಬೇಕಾದಷ್ಟು ಕೇಳಿದ್ದಾರೆ.

“ಪ್ರೇಮಕಥೆ ಯಾಕೆ ಓದೋದಿಲ್ಲ ಕಾಕೂ?” ಎಂದು ಕೇಳಿದೆ.

“ಏನ್ ಓದೂದು ತಮ್ಮಾ? ಮೊದಲನೇ ಪಾನದಾಗ ಗೊತ್ತಾಗಿಬಿಡ್ತದ ಯಾರ ಜೋಡಿ ಯಾರ ಮದವಿ ಅಂತ. ಉಳದದ್ದೆಲ್ಲಾ ಬರೇ ಮಳಿ, ಗಾಳಿ.”

ಯಾರಾದರೂ ಹೆಚ್ಚು ಕೆಣಕಿದರೆ ಉತ್ತರ ಸಿದ್ಧವಿದೆ. ಕ್ರಿಸ್ಟಿ ಮೇರಿ ವೆಸ್ಟ್‌ಮಾಕಾಟ್ ಎಂಬ ಹೆಸರಿನಲ್ಲಿ ಕೊಲೆಯಿಲ್ಲದ, ಮನಸ್ಸಿನ ನೋವಿನ ಆರು ಕಾದಂಬರಿ ಬರೆದಳು. ಆಕೆಯೇ ಈಕೆ ಎಂದು ಜನಕ್ಕೆ ಬಹುಕಾಲ ತಿಳಿಯಲಿಲ್ಲ. “ಆಕಿ ಕೊಂದು ಕೊಂದು ಬ್ಯಾಸತ್ತು ಪ್ರೀತಿ ಬರದ್ಲು, ನಾ ಪ್ರೀತಿ ಬರದು ಬರದು ಬ್ಯಾಸತ್ತು ಕೊಲಿ ಓದ್ತೀನಿ. ಲೆಕ್ಕ ಬರೋಬರಿ ಆತು.” ಜಾರ್ಜೆಟ್ ಹೇಯರ್ ಪ್ರೇಮಕಥೆಯನ್ನೂ ಪತ್ತೇದಾರಿಯನ್ನೂ ಬರೆದಳು, ಪತ್ತೇದಾರಿಗೆ ಬೇಕಾದ ಕಥೆಯ ಹಂದರ ಹಾಕಿಕೊಡುತ್ತಿದ್ದವನು ಅವಳ ಗಂಡ ಎನ್ನುವಾಗ ಮಾತ್ರ ಕಾಕೂ ಕಾಕಾರ ಕಡೆ ಒಮ್ಮೆ ನೋಡುತ್ತಾರೆ. ಕಾಕಾ ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಒರಗಿ ಮುಖದ ಮೇಲೆ ‘ಸಕಾಳ್’ ಹರಡಿಕೊಂಡಿರುತ್ತಾರೆ. “ನಾ ಬರದದ್ದು ಒಂದ್ ಅಕ್ಷರಾ ಓದಿಲ್ಲ ಈ ಮನಷ್ಯಾ” ಎಂಬುದು ಕಾಕೂ ಅವರ ಸ್ಥಾಯೀ ದೂರು.

ಒಮ್ಮೆ ಇಲ್ಲಿನ ಕನ್ನಡಿಗರ ರಾಜ್ಯೋತ್ಸವದಲ್ಲಿ ‘ನನ್ನ ಮೆಚ್ಚಿನ ಓದು’ ಎಂದು ಕಾಕೂ ಮಾತಾಡಬೇಕಾಗಿತ್ತು. ಚೀಟಿಯಲ್ಲಿ ಮುಂದಿನ ಸಾಲಿನವರ ಹೆಸರುಗಳನ್ನೇ ಬರೆದುಕೊಂಡಿದ್ದರು. ತ್ರಿವೇಣಿ ಮುಗಿಸಿ ಎಂ.ಕೆ. ಇಂದಿರಾಗೆ ಬಂದರು. ಪುಣೆಯ ಹರಿನಾರಾಯಣ ಆಪ್ಟೆಯವರನ್ನು ಕನ್ನಡಕ್ಕೆ ತಂದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರನ್ನು ನೆನೆದರು. ಅಷ್ಟರಲ್ಲಿ ವೇದಿಕೆಯ ಮೇಲಿದ್ದ ಕೆಂಪು-ಹಳದಿ ಬಾವುಟ ಗಾಳಿಗೆ ಬಂದು ಮೈಕಿಗೆ ಬಡಿಯಿತು. ಕಾಕೂ ಅದನ್ನು ಸರಿಸುತ್ತ, “ಈ ಬಾವುಟಾ ಮಾಡಿದಾಂವ ಯಾರು ಗೊತ್ತದನ? ಮ. ರಾಮಮೂರ್ತಿ! ಎಂಥಾ ಪತ್ತೇದಾರಿ ಬರದಾನ ಅಂವಾ!” ಎಂದುಬಿಟ್ಟರು. ನಾಡಿನ ಧ್ವಜ ರೂಪಿಸಿದವರು ಪತ್ತೇದಾರಿ ಕಾದಂಬರಿಕಾರರೂ ಹೌದು ಎಂಬುದು ಸಭೆಯಲ್ಲಿ ಅನೇಕರಿಗೆ ಹೊಸದು. ಚಪ್ಪಾಳೆ ಬಿತ್ತು. ಚೀಟಿ ಅಲ್ಲೇ ಮಡಚಿತು. ಉಳಿದ ಹೊತ್ತೆಲ್ಲ ಬಾಗಿಲು ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೆಣ ಬೀಳುವುದು ಹೇಗೆ ಎಂಬುದರ ಬಗ್ಗೆ.

ಇಷ್ಟಾದರೆ ನಾನು ಈ ಚಿತ್ರ ಬರೆಯುತ್ತಿರಲಿಲ್ಲ. ನನ್ನ ಗೋಳು ಬೇರೆ.

ಕಾಕೂ ಅವರ ಬಾಗಿಲಿನ ಮೇಲೆ ಒಂದು ಅಪ್ಪಟ ಪುಣೇರಿ ಪಾಟಿ ಇದೆ: ‘ಧಾರಾವಾಹಿಯ ಮುಂದಿನ ಕಂತಿನ ಬಗ್ಗೆ ವಿಚಾರಿಸಬಾರದು. ಮಧ್ಯಾಹ್ನ 1ರಿಂದ 4 ಬೆಲ್ ಒತ್ತಬಾರದು. ಒತ್ತಿದರೂ ತೆಗೆಯುವುದಿಲ್ಲ.’ ನನ್ನ ಹೆಂಡತಿ ಅವರ ಅಭಿಮಾನಿ. ಬ್ಯಾಂಕಿನ ಹುಡುಗಿ ಕೊನೆಗೆ ತೋಟದವನನ್ನು ಒಪ್ಪುತ್ತಾಳೋ ಇಲ್ಲವೋ ಎಂದು ತಿಳಿಯಲು ಉಪ್ಪಿನಕಾಯಿ ಕಳಿಸಿದಳು, ಹೋಳಿಗೆ ಕಳಿಸಿದಳು, ನನ್ನನ್ನೂ ಕಳಿಸಿದಳು. ಕಾಕೂ ಬಾಯಿ ಬಿಡಲಿಲ್ಲ. “ಮುಂದಿನ ವಾರ ಓದಂತ ಹೇಳು.” ಇಂಥ ಭದ್ರ ಖಜಾನೆ, ಇನ್ನೊಬ್ಬರು ಬರೆದ ಕೊಲೆಗಾರನ ಹೆಸರನ್ನು ಮಾತ್ರ ಕೇಳದವರಿಗೂ ಬಿಟ್ಟಿ ಹಂಚುತ್ತದೆ. ನೀವು ಪುಸ್ತಕ ಹಿಡಿದು ಮೆಟ್ಟಿಲು ಹತ್ತುತ್ತಿದ್ದರೆ ಸಾಕು, ಮೇಲಿನಿಂದ ಧ್ವನಿ ಬರುತ್ತದೆ: “ಛಲೋ ಅದ ಆ ಪುಸ್ತಕ. ಆ ಡಾಕ್ಟರ್ ಮ್ಯಾಲ ಸಂಶಯಾ ಪಡಬ್ಯಾಡ, ಅಂವಾ ಪಾಪದಾಂವ.” ಅಲ್ಲಿಗೆ ಪುಸ್ತಕಕ್ಕೆ ಕೊಟ್ಟ ದುಡ್ಡು ಮುಳುಗಿತು.

ಇವುಗಳಿಗೆಲ್ಲ ಕಳಶವಿಟ್ಟದ್ದು ಲಂಡನ್ ಪ್ರಕರಣ. ನಮ್ಮ ಮಗಳು ಅಲ್ಲಿದ್ದಾಳೆ. ನಾವು ಹೋದಾಗ ‘ದ ಮೌಸ್‌ಟ್ರ್ಯಾಪ್’ ನಾಟಕಕ್ಕೆ ಕರೆದೊಯ್ಯುತ್ತೇನೆಂದು ಟಿಕೆಟ್ ತೆಗೆದಿದ್ದಳು. ಕ್ರಿಸ್ಟಿಯ ಈ ನಾಟಕ ಲಂಡನ್ನಿನಲ್ಲಿ ಶುರುವಾದದ್ದು 1952ರ ನವೆಂಬರಿನಲ್ಲಿ. ಕೊರೋನಾ ಕಾಲದ ಬಿಡುವು ಬಿಟ್ಟರೆ ಇವತ್ತಿಗೂ ನಡೆಯುತ್ತಿದೆ. ಪ್ರತಿ ಆಟದ ಕೊನೆಗೆ ನಟರು ಮುಂದೆ ಬಂದು, ಕೊಲೆಗಾರ ಯಾರೆಂದು ಹೊರಗೆ ಹೋಗಿ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ಜನ ತಲೆಮಾರಿನಿಂದ ತಲೆಮಾರಿಗೆ ಆ ಮಾತು ಉಳಿಸಿಕೊಂಡು ಬಂದಿದ್ದಾರೆ. ಈ ಕಥೆಯ ಸಣ್ಣಕಥಾ ರೂಪವನ್ನು, ನಾಟಕ ನಡೆಯುವಷ್ಟು ಕಾಲ ಬ್ರಿಟನ್ನಿನಲ್ಲಿ ಪುಸ್ತಕವಾಗಿ ತರಬಾರದೆಂದು ಕ್ರಿಸ್ಟಿಯೇ ಕಟ್ಟು ಹಾಕಿದ್ದಳು. ಆದರೆ ಅಮೆರಿಕದಲ್ಲಿ 1950ರಲ್ಲೇ ಅದು ಪುಸ್ತಕದಲ್ಲಿ ಬಂದಿತ್ತು. ಅಂಥದೊಂದು ಅಮೆರಿಕನ್ ಪ್ರತಿ ಯಾವ ಹಡಗು ಹತ್ತಿ, ಯಾರ ಮನೆ ಖಾಲಿಯಾಗಿ, ಅಪ್ಪಾ ಬಳವಂತ ಚೌಕದ ಹಳೆಯ ಪುಸ್ತಕದ ರಾಶಿಗೆ ಬಂದು ಹನ್ನೊಂದನೇ ಇಯತ್ತೆಯ ಗಣಿತದ ಗೈಡುಗಳ ನಡುವೆ ಬಿತ್ತೋ ದೇವರೇ ಬಲ್ಲ. ಅದನ್ನು ಹೆಕ್ಕಿದವರು ಕಾಕೂ.

ಹೊರಡುವ ಹಿಂದಿನ ಸಂಜೆ ಅವರು ಮಗಳಿಗೆಂದು ಚಕ್ಕುಲಿ ಡಬ್ಬಿ ತಂದರು. ನಾಟಕದ ಸುದ್ದಿ ಎತ್ತಬೇಡವೆಂದು ಹೆಂಡತಿಗೆ ಕಣ್ಸನ್ನೆ ಮಾಡಿದ್ದೆ. ಅವಳು ನಾಟಕ ಎನ್ನಲಿಲ್ಲ, “ಥಿಯೇಟರಿಗೆ ಹೋಗ್ತೀವಿ ಕಾಕೂ” ಎಂದಳು.

“ಯಾವ ಥಿಯೇಟರು?”

ನಾನು ಎದ್ದು ಕಿವಿಗೆ ಕೈ ಹಿಡಿದೆ. ತಡವಾಗಿತ್ತು. ಲಕ್ಷಾಂತರ ಇಂಗ್ಲಿಷರು ಎಪ್ಪತ್ತು ವರ್ಷ ಕಾಪಾಡಿದ ಗುಟ್ಟು ಕರ್ವೆನಗರದಲ್ಲಿ, ಚಕ್ಕುಲಿಯ ಸಮಕ್ಷಮ, ಅರ್ಧ ನಿಮಿಷದಲ್ಲಿ ಹೊರಬಿತ್ತು. ಲಂಡನ್ನಿನಲ್ಲಿ ಆ ಪಾತ್ರ ಒಳಗೆ ಬಂದಾಗ ಹೆಂಡತಿ ನನ್ನ ಮೊಣಕೈ ತಿವಿದಳು. ಉಳಿದ ಹೊತ್ತೆಲ್ಲ ನಾವು ನೋಡಿದ್ದು ಕುರ್ಚಿ, ಮೇಜು, ಕಿಟಕಿಯಾಚೆಯ ಸುಳ್ಳು ಹಿಮ.

ಮರಳಿ ಬಂದು ಜಗಳಕ್ಕೆಂದೇ ಮೇಲೆ ಹೋದೆ. ಕಾಕೂ ಬೆರಣಿಯಷ್ಟು ದಪ್ಪದ ಪುಸ್ತಕದಿಂದ ತಲೆ ಎತ್ತಿ, ನಾನು ಆಡಿದ್ದನ್ನೆಲ್ಲ ಕೇಳಿ, ತಣ್ಣಗೆ ಅಂದರು: “ಕೊಂದಾಂವ ಯಾರಿದ್ರೇನು ತಮ್ಮಾ? ನಾ ಅದಕ್ಕ ಓದಂಗೇ ಇಲ್ಲ. ಕೊಲಿ ಕಥಿಯೊಳಗ ಒಬ್ಬ ಮನಷ್ಯಾ ಬರ್ತಾನ. ಮನ್ಯಾಗಿದ್ದವ್ರನ್ನ ಒಬ್ಬೊಬ್ಬರನ್ನ ಎದುರಿಗೆ ಕೂಡಿಸ್ಕೊಂಡು ಕೇಳ್ತಾನ: ನಿನ್ನೆ ಮಧ್ಯಾಹ್ನ ಮೂರಕ್ಕ ನೀವ್ ಎಲ್ಲಿದ್ರಿ, ಏನ್ ಮಾಡ್ಲಿಕತ್ತಿದ್ರಿ? ಅಡಗಿ ಮಾಡಾಕಿನ್ನೂ ಬಿಡಂಗಿಲ್ಲ, ಆಕಿನ್ನೂ ಕೇಳ್ತಾನ. ಆಕಿ ಹೇಳಿದ್ದೆಲ್ಲಾ ಬರಕೋತಾನ. ಈ ಊರಿಗೆ ಬಂದು ಜನ್ಮಾ ಕಳೀತು. ನೀ ಮೂರಕ್ಕ ಏನ್ ಮಾಡ್ತಿದ್ದಿ ಅಂತ ನನ್ನ ಯಾರರೇ ಕೇಳ್ಯಾರೇನು?”

ಜಗಳ ಗಂಟಲಲ್ಲೇ ಉಳಿಯಿತು. ಬರೆಯುವ ಹೆಂಗಸಿಗೆ ಓದುಗರು ಪತ್ರ ಬರೆಯುತ್ತಾರೆ. ನಾಯಕನ ತೋಟ ಎಷ್ಟು ಎಕರೆ ಎಂದು ಕೇಳುತ್ತಾರೆ, ನಾಯಕಿಯ ಸೀರೆಯ ಬಣ್ಣ ಕೇಳುತ್ತಾರೆ. ಬರೆದವಳ ಮಧ್ಯಾಹ್ನ ಹೇಗೆ ಕಳೆಯಿತೆಂದು ಕೇಳುವುದಿಲ್ಲ. ನಾವು ನಮ್ಮ ಮನೆಗಳಲ್ಲಿ… ಬೇಡ, ಉಪದೇಶಕ್ಕೆ ಪತ್ರಿಕೆಯಲ್ಲಿ ಬೇರೆ ಅಂಕಣವಿದೆ.

ಸುಮ್ಮನಿರಲಾರದೆ ನಾನೇ ಕೇಳಿದೆ: “ಹಾಗಾದರೆ ಹೇಳಿ ಕಾಕೂ. ನಿನ್ನೆ ಮಧ್ಯಾಹ್ನ ಮೂರಕ್ಕೆ ಎಲ್ಲಿದ್ದಿರಿ?”

ಕಾಕೂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಮೂರಕ್ಕ... ಹಾಲು ಕಾಸ್ಲಿಕ್ಕೆ ಇಟ್ಟಿದ್ದೆ. ಉಕ್ಕಿತು.”

“ಮೂರಕ್ಕಲ್ಲ, ಮೂರೂಕಾಲಕ್ಕ” ಎಂದಿತು ‘ಸಕಾಳ್’ ಪತ್ರಿಕೆ.

ಕಾಕೂ ನಿಧಾನವಾಗಿ ಆ ಕಡೆ ತಿರುಗಿದರು. “ನಿಮಗ ಹ್ಯಾಂಗ ಗೊತ್ತು? ನೀವ್ ಮಲಗಿದ್ರೆಲ್ಲಾ?”

ಉತ್ತರವಿಲ್ಲ.

“ನಿದ್ದಿ ಹತ್ತಿದ್ರ ಗೊರಕಿ ಹೊಡೀತೀರಿ. ನಿನ್ನೆ ಗೊರಕಿ ಇರಲಿಲ್ಲ. ಹೋದ ಮಂಗಳವಾರಾನೂ ಇರಲಿಲ್ಲ. ಅಂಚಿಯಾಂವ ಬೆಂಗಳೂರಿನ ಪತ್ರಿಕಾ ತರೂದು ಮಂಗಳವಾರ.” ಎದ್ದು ಹೋಗಿ ‘ಸಕಾಳ್’ ಎತ್ತಿದರು. ಅದರ ಮಡಿಕೆಯೊಳಗೆ ವಾರಪತ್ರಿಕೆ, ತೆರೆದ ಪುಟದಲ್ಲಿ ಕಾಫಿ ತೋಟ, ಅದರ ಅಂಚಿಗೆ ಚಹಾದ ಕಲೆ. ಕಾಕಾ ಸಿಕ್ಕಿಬಿದ್ದವರ ಹಾಗೆ ಎರಡೂ ಕೈ ಮೇಲೆತ್ತಿದರು.

“ಆತು, ಓದ್ತೀನಿ. ಈಗ ಅಷ್ಟರೇ ಹೇಳಿಬಿಡು. ಆ ಹುಡುಗಿ ತ್ವಾಟಕ್ಕ ಹೋಗ್ತದೋ, ವಾಪಸ್ ಬ್ಯಾಂಕಿಗೇ ಹೋಗ್ತದೋ?”

“ಮುಂದಿನ ವಾರ” ಎಂದರು ಕಾಕೂ, ಕೆನ್ನೆ ಕೆಂಪಾಗಿತ್ತು. ಆಮೇಲೆ ನನ್ನ ಕಂಕುಳಲ್ಲಿದ್ದ ಪುಸ್ತಕದ ಮೇಲೆ ಕಣ್ಣು ಬಿತ್ತು. “ಅದನ್ನ ಎಲ್ಲಿಂದ ತಂದ್ಯೋ? ಅದರಾಗ ಆ ಮುದುಕಿ...”

ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದೆ.