ಅಜ್ಜಿಮನೆ ಇಲೆವೆನ್

2025ರ ನವೆಂಬರ್ 18ರ ರಾತ್ರಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಒಂದೇ ಒಂದು ಗೋಲೂ ಬೀಳಲಿಲ್ಲ. ಬೀಳದೇ ಇದ್ದದ್ದಕ್ಕೇ ಕ್ಯುರಾಸೊ ವಿಶ್ವಕಪ್‌ಗೆ ಹೋಯಿತು. ಜಮೈಕಾ ಗೆಲ್ಲಲೇಬೇಕಿತ್ತು, ಕ್ಯುರಾಸೊ ಸೋಲದಿದ್ದರೆ ಸಾಕಿತ್ತು. ಜಮೈಕಾದವರು ಹೊಡೆದ ಚೆಂಡು ಮೂರು ಸಲ ಗೋಲುಕಂಬಕ್ಕೆ ಬಡಿದು ಹಿಂದಕ್ಕೆ ಬಂತು. ಇಂಜುರಿ ಟೈಮ್‌ನಲ್ಲಿ ರೆಫರಿ ಅವರಿಗೊಂದು ಪೆನಾಲ್ಟಿಯನ್ನೂ ದಯಪಾಲಿಸಿದರು. ಆಮೇಲೆ ಟಿವಿ ನೋಡಿ ಕೊಟ್ಟದ್ದನ್ನು ಕಿತ್ತುಕೊಂಡರು. ಜಮೈಕಾದ ಕೋಚ್, ಇಂಗ್ಲೆಂಡಿನ ಸ್ಟೀವ್ ಮೆಕ್ಲಾರೆನ್, ಪಂದ್ಯ ಮುಗಿದ ಬೆನ್ನಿಗೇ ರಾಜೀನಾಮೆ ಕೊಟ್ಟರು. ಕ್ಯುರಾಸೊ ಕೋಚ್ ಏನು ಮಾಡಿದರು ಅಂತೀರಾ? ಅವರು ಅಲ್ಲಿರಲೇ ಇಲ್ಲ. 78ರ ಡಿಕ್ ಅಡ್ವೊಕಾಟ್ ಮನೆಯ ಕಾರಣಕ್ಕೆ ನೆದರ್ಲೆಂಡ್ಸ್‌ಗೆ ಹೋಗಿದ್ದರು. ಕೋಚ್ ಮೈದಾನದಲ್ಲಿದ್ದ ತಂಡ ಪ್ಲೇ-ಆಫ್‌ಗೆ, ಕೋಚ್ ಮನೆಯಲ್ಲಿದ್ದ ತಂಡ ವಿಶ್ವಕಪ್‌ಗೆ! ಫುಟ್‌ಬಾಲ್ ತರಬೇತಿಯ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದವರೆಲ್ಲ ಆ ರಾತ್ರಿ ಏನು ಓದಿದರೋ ಗೊತ್ತಿಲ್ಲ.

ಮಾರನೆಯ ದಿನ ಜಗತ್ತಿನ ಪತ್ರಿಕೆಗಳೆಲ್ಲ ಕ್ಯಾಲ್ಕುಲೇಟರ್ ಹಿಡಿದು ಕೂತವು. ವೆನೆಜುವೆಲಾ ಕರಾವಳಿಯಿಂದ ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದ ದ್ವೀಪ, ವಿಸ್ತೀರ್ಣ 444 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 1,56,000. 2018ರಲ್ಲಿ ಐಸ್‌ಲ್ಯಾಂಡ್ ಮೂರೂವರೆ ಲಕ್ಷದಷ್ಟು ಜನರನ್ನು ಇಟ್ಟುಕೊಂಡು ಮಾಡಿದ್ದ ದಾಖಲೆ ಪುಡಿಪುಡಿ. ನಮ್ಮ ಕಡೆಯ ಪಂಡಿತರಿಗೂ ಕೈ ತುರಿಸದೇ ಇರುತ್ತದೆಯೆ? ಬೆಂಗಳೂರಿನ ಐದನೇ ಮೂರು ಪಾಲಿನಷ್ಟು ನೆಲ, ಹಾಸನ ಪಟ್ಟಣದಷ್ಟು ಜನ ಎಂದು ಭಾಗಿಸಿ ಗುಣಿಸಿ, 140 ಕೋಟಿಯಲ್ಲಿ ಹನ್ನೊಂದು ಮಂದಿ ಸಿಗುವುದಿಲ್ಲವೇ ಎಂದು ವಾಡಿಕೆಯಂತೆ ಎದೆ ಬಡಿದುಕೊಂಡು ಮುಗಿಸಿದರು.

ಲೆಕ್ಕವೇನೋ ಸರಿ, ಎಣಿಸಿದ ತಲೆಗಳು ಬೇರೆಯವರವು. ಆ ಒಂದೂವರೆ ಲಕ್ಷ ಜನರ ನಡುವೆ ಹುಟ್ಟಿ ಆ ತಂಡದಲ್ಲಿದ್ದವನು ಒಬ್ಬನೇ ಒಬ್ಬ, ತಾಹಿತ್ ಚಾಂಗ್. ಮಿಕ್ಕವರೆಲ್ಲ ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ. ನಾಯಕ ಲಿಯಾಂಡ್ರೊ ಬಕುನಾ, ಅವನ ತಮ್ಮ ಜುನಿನ್ಯೊ ಬಕುನಾ ಇಬ್ಬರೂ ಗ್ರೋನಿಂಗೆನ್ ಊರಿನ ಹುಡುಗರು. ಕಲಿತದ್ದು ಡಚ್ ಅಕಾಡೆಮಿಗಳಲ್ಲಿ, ಬೂಟು ಸವೆಸಿದ್ದು ಯುರೋಪಿನ ಲೀಗುಗಳಲ್ಲಿ. ಹಾಗಾಗಿ ವಿಶ್ವಕಪ್‌ಗೆ ಬಂದ ಅತಿ ಸಣ್ಣ ದೇಶ ಎಂಬ ಬಿರುದು ದ್ವೀಪಕ್ಕೆ, ಆಟಗಾರರ ಜನ್ಮಪತ್ರ ಒಂದು ಕೋಟಿ ಎಂಬತ್ತು ಲಕ್ಷ ಜನರಿರುವ ನೆದರ್ಲೆಂಡ್ಸ್‌ಗೆ.

ಇದು ಬಾಡಿಗೆ ತಂಡ ಎಂದು ಮೂಗು ಮುರಿದವರೂ ಇದ್ದಾರೆ. ಮುರಿಯಲಿ, ಪಾಪ. ಆದರೆ ಅವತ್ತು ಎದುರಿಗಿದ್ದ ಜಮೈಕಾ ತಂಡದ ತುಂಬ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವರಿದ್ದರು. ಕೋಚ್ ಅಂತೂ ಖುದ್ದು ಇಂಗ್ಲೆಂಡ್ ತಂಡಕ್ಕೇ ಕೋಚ್ ಆಗಿದ್ದವರು. ಇಂಗ್ಲೆಂಡಿನವರೂ ಡಚ್ಚರೂ ತಮ್ಮೂರಿನ ನವೆಂಬರ್ ಚಳಿ ತಾಳಲಾರದೆ ಕೆರಿಬಿಯನ್ ಸಮುದ್ರಕ್ಕೆ ಬಂದು ಆಡಿಕೊಂಡ ಪಂದ್ಯವಿದು ಎಂದರೂ ನಡೆದೀತು. ಹಿಂದೆ ಇದೇ ಸಮುದ್ರದಲ್ಲಿ ಈ ಎರಡೂ ದೇಶಗಳು ಸಕ್ಕರೆಗಾಗಿ, ಉಪ್ಪಿಗಾಗಿ, ಗುಲಾಮರ ವ್ಯಾಪಾರಕ್ಕಾಗಿ ಹಡಗು ಹಡಗು ಡಿಕ್ಕಿ ಹೊಡೆಸಿಕೊಂಡಿದ್ದವು. ಚೆಂಡಿನಲ್ಲಿ ಹೊಡೆದಾಡಿಕೊಂಡದ್ದು ಅದಕ್ಕಿಂತ ಎಷ್ಟೋ ವಾಸಿ.

ಫಿಫಾದ ನಿಯಮ ನಮ್ಮವರಿಗೆ ಕಷ್ಟವಾಗಬಾರದು. ಹೆಣ್ಣು-ಗಂಡು ನೋಡುವಾಗ ಗೋತ್ರ ವಿಚಾರಿಸುತ್ತೇವಲ್ಲ, ಥೇಟ್ ಹಾಗೇ. ನೀನು ಇಲ್ಲಿ ಹುಟ್ಟಿದ್ದೀಯಾ? ಇಲ್ಲವೇ, ಅಪ್ಪ-ಅಮ್ಮ? ಅವರೂ ಇಲ್ಲವೇ, ಅಜ್ಜ-ಅಜ್ಜಿ? ನಾಲ್ವರು ಅಜ್ಜ-ಅಜ್ಜಿಯರಲ್ಲಿ ಒಬ್ಬರು ದ್ವೀಪದಲ್ಲಿ ಕಣ್ಣುಬಿಟ್ಟಿದ್ದರೂ ಸಂಬಂಧ ಕುದುರಿತು. ಒಂದು ದೇಶದ ಪರ ಆಡಿದವನು ಇನ್ನೊಂದಕ್ಕೆ ಹೋಗುವ ದಾರಿಯನ್ನೂ 2020ರಲ್ಲಿ ಫಿಫಾ ಸ್ವಲ್ಪ ಅಗಲ ಮಾಡಿತು. ಡಚ್ ಕಿರಿಯರ ತಂಡಗಳಲ್ಲಿ ಆಡಿ, ಹಿರಿಯರ ತಂಡದಿಂದ ಕರೆ ಬರಲಿಲ್ಲವೆಂದು ಫೋನ್ ನೋಡುತ್ತ ಕೂತವರಿಗೆ ಅಜ್ಜಿಯ ನೆನಪು ಒತ್ತರಿಸಿಕೊಂಡು ಬಂದದ್ದು ಆಗಲೇ ಇರಬೇಕು.

ಈ ಅಜ್ಜಿಯರು ನೆದರ್ಲೆಂಡ್ಸ್‌ಗೆ ಹೋದದ್ದಾದರೂ ಯಾಕೆ? ಜೋಕು ಇಲ್ಲಿ ಸ್ವಲ್ಪ ಹುಳಿಯಾಗುತ್ತದೆ. 1634ರಲ್ಲಿ ಡಚ್ ವೆಸ್ಟ್ ಇಂಡಿಯಾ ಕಂಪನಿ ದ್ವೀಪವನ್ನು ಸ್ಪೇನ್‌ನಿಂದ ಕಿತ್ತುಕೊಂಡು, ಆಫ್ರಿಕಾದಿಂದ ತಂದ ಜನರನ್ನು ಕೈಬದಲಾಯಿಸುವ ಸಂತೆ ಮಾಡಿತು. 1795ರಲ್ಲಿ ತುಲಾ ಎಂಬವನ ಮುಂದಾಳ್ತನದಲ್ಲಿ ಗುಲಾಮರು ಬಂಡೆದ್ದರು. ಅವನನ್ನು ಹಿಂಸಿಸಿ ಕೊಂದರು. ಗುಲಾಮಗಿರಿ ಹೋದದ್ದು 1863ರಲ್ಲಿ. 1918ರಲ್ಲಿ ಶೆಲ್ ಕಂಪನಿಯ ತೈಲ ಸಂಸ್ಕರಣಾಗಾರ ಶುರುವಾಗಿ, ವೆನೆಜುವೆಲಾದ ಎಣ್ಣೆ ಇಲ್ಲಿಗೆ ಬಂದು, ದ್ವೀಪಕ್ಕೆ ಸಂಬಳ ಎಂಬ ವಸ್ತುವಿನ ಪರಿಚಯವಾಯಿತು. ಯಂತ್ರಗಳು ಬಂದು ಆಳುಗಳು ಬೇಡವಾದಾಗ ಕೆಲಸ ಹೋಯಿತು, ಗುತ್ತಿಗೆಯವರ ಕೂಲಿ ಕುಸಿಯಿತು. 1969ರ ಮೇ 30ರಂದು ಮುಷ್ಕರ ಹೂಡಿದ ಕಾರ್ಮಿಕರು ಬೀದಿಗಿಳಿದು ರಾಜಧಾನಿ ವಿಲ್ಲೆಮ್‌ಸ್ಟಾಡ್‌ನ ಒಂದು ಭಾಗ ಹೊತ್ತಿ ಉರಿಯಿತು. 1985ರಲ್ಲಿ ಶೆಲ್ ಇಡೀ ಕಾರ್ಖಾನೆಯನ್ನು ಬರೀ ಒಂದು ಗಿಲ್ಡರ್‌ಗೆ ದ್ವೀಪಕ್ಕೆ ಮಾರಿ ಕೈ ತೊಳೆದುಕೊಂಡಿತು. ಎರಡನೇ ಮಹಾಯುದ್ಧದ ಕಾಲದಿಂದ ಸುರಿದಿದ್ದ ಡಾಂಬರಿನ ಕೆರೆಯೊಂದು ಅಲ್ಲೇ ಉಳಿಯಿತು. ಡಚ್ ಪಾಸ್‌ಪೋರ್ಟ್ ಇದ್ದ ಜನ ನೆದರ್ಲೆಂಡ್ಸ್ ವಿಮಾನ ಹತ್ತಿದರು. ಅವರ ಮೊಮ್ಮಕ್ಕಳೇ ಈಗ ನೀಲಿ ಅಂಗಿ ತೊಟ್ಟು ಮೈದಾನದಲ್ಲಿರುವುದು. ಇದನ್ನು ಬಾಡಿಗೆ ಎನ್ನುವವರು ಮೊದಲು ಮನೆ ಖಾಲಿ ಮಾಡಿಸಿದವರು ಯಾರು ಎಂದು ಕೇಳಬೇಕಿತ್ತು.

ನೆದರ್ಲೆಂಡ್ಸ್‌ನವರು ಮಾತ್ರ ಈ ವಿಷಯದಲ್ಲಿ ಬಾಯಿ ಬಿಡುವ ಹಾಗಿಲ್ಲ. ಅವರ ಪುರುಷರ ತಂಡ ಈವರೆಗೆ ಗೆದ್ದಿರುವ ಒಂದೇ ಒಂದು ದೊಡ್ಡ ಕಪ್ಪು, 1988ರ ಯುರೋ, ಸುರಿನಾಮ್ ಮೂಲದ ಗುಲ್ಲಿಟ್, ರೈಕಾರ್ಡ್ ಇಲ್ಲದೆ ಬರುತ್ತಿತ್ತೇ? ಎಡ್ಗರ್ ಡೇವಿಡ್ಸ್, ಸೀಡಾರ್ಫ್ ಹುಟ್ಟಿದ್ದೇ ಸುರಿನಾಮ್‌ನಲ್ಲಿ. ಪ್ಯಾಟ್ರಿಕ್ ಕ್ಲೈವರ್ಟ್‌ನ ತಾಯಿ ಕ್ಯುರಾಸೊದವಳು. ವಸಾಹತಿನ ಮೊಮ್ಮಗ ದೊಡ್ಡ ದೇಶಕ್ಕೆ ಗೋಲು ಹೊಡೆದರೆ ಅದು ಸಮನ್ವಯ, ಬಹುಸಂಸ್ಕೃತಿ, ವಿಚಾರ ಸಂಕಿರಣದ ವಿಷಯ. ಅದೇ ಮೊಮ್ಮಗ ಅಜ್ಜಿಯ ಊರಿಗೆ ಹೊಡೆದರೆ ಬಾಡಿಗೆ.

ಈ ತಂಡದ ಹೆಸರಿನ ಪುರಾಣವೂ ಅಂಥದ್ದೇ. 1924ರಲ್ಲಿ ಪಕ್ಕದ ಅರೂಬಾದ ಮೇಲೆ ಮೊದಲ ಪಂದ್ಯ ಆಡಿ 4-0ಯಿಂದ ಗೆದ್ದಾಗ ಇದು ಕ್ಯುರಾಸೊ. 1950ರ ದಶಕದಲ್ಲಿ ನೆದರ್ಲೆಂಡ್ಸ್ ಆಂಟಿಲೀಸ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೂ ಹೋಗಿ ಟರ್ಕಿ ಎದುರು 1-2ರಿಂದ ಸೋತು ಒಂದೇ ಪಂದ್ಯಕ್ಕೆ ವಾಪಸಾದರು. ಆಗ ಗೋಲು ಕಾದಿದ್ದ ಎರ್ಗಿಲಿಯೊ ಹಾಟೊ ದ್ವೀಪದವರ ಪಾಲಿಗೆ ಕರಿಚಿರತೆ. ವಿಲ್ಲೆಮ್‌ಸ್ಟಾಡ್‌ನ ಕ್ರೀಡಾಂಗಣಕ್ಕೆ ಈಗಲೂ ಅವನದೇ ಹೆಸರು. 1963ರಲ್ಲಿ ಮತ್ತು 1969ರಲ್ಲಿ ಉತ್ತರ-ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ಚಾಂಪಿಯನ್‌ಶಿಪ್‌ನಲ್ಲಿ ಮೂರನೇ ಸ್ಥಾನ. ಊರು ಹೊತ್ತಿ ಉರಿದ ವರ್ಷವೇ ತಂಡಕ್ಕೆ ಮೂರನೇ ಸ್ಥಾನ ಎಂಬುದನ್ನು ಯಾವ ಕೈಪಿಡಿಯೂ ಒಟ್ಟಿಗೆ ಹೇಳುವುದಿಲ್ಲ, ಕ್ರೀಡಾ ಪುಟ ಬೇರೆ, ರಾಜಕೀಯ ಪುಟ ಬೇರೆ ನೋಡಿ. ಆಮೇಲೆ ದಶಕಗಟ್ಟಲೆ ಬರೆಯುವಂಥದ್ದು ಹೆಚ್ಚೇನಿಲ್ಲ.

2010ರ ಅಕ್ಟೋಬರ್ 10ರಂದು ನೆದರ್ಲೆಂಡ್ಸ್ ಆಂಟಿಲೀಸ್ ಎಂಬ ದೇಶವೇ ಕಾಗದದಿಂದ ಮಾಯವಾಯಿತು. ಕೂಡುಕುಟುಂಬ ಪಾಲಾಗಿ ಕ್ಯುರಾಸೊ ಸ್ವಾಯತ್ತವಾಯಿತು, ತಂಡದ ಹಳೆಯ ದಾಖಲೆಗಳೂ ಅದರ ಪಾಲಿಗೇ ಬಂದವು. ಆದರೆ ದೊರೆ ಡಚ್ ದೊರೆಯೇ. ವಿದೇಶಾಂಗ, ರಕ್ಷಣೆ ಎಲ್ಲ ಹೇಗ್ ನಗರದವರ ಕೈಯಲ್ಲೇ. ವಿಶ್ವಸಂಸ್ಥೆಯಲ್ಲಿ ಈ ದೇಶಕ್ಕೆ ಕುರ್ಚಿಯಿಲ್ಲ, ವಿಶ್ವಕಪ್‌ನಲ್ಲಿ ಸಿಕ್ಕಿತು. ಕುರ್ಚಿಯಿದ್ದೂ ಇನ್ನೊಂದು ಕಾಯಂ ಕುರ್ಚಿ ಬೇಕೆಂದು ದಶಕಗಳಿಂದ ಸಾಲಿನಲ್ಲಿ ನಿಂತವರಿಗೆ ಎರಡರಲ್ಲಿ ಯಾವುದು ಮೇಲು ಎಂದು ತೀರ್ಮಾನಿಸುವ ಕಷ್ಟ ಸದ್ಯಕ್ಕೆ ಬಂದಿಲ್ಲ.

ಕೋಚ್‌ಗಳ ಪಟ್ಟಿ ಓದಿದರಂತೂ ಡಚ್ ಫುಟ್‌ಬಾಲಿನ ನಿವೃತ್ತರ ಸಂಘದ ಹಾಜರಿ ಪುಸ್ತಕ ಓದಿದಂತಿದೆ. 2015ರಲ್ಲಿ ಕ್ಲೈವರ್ಟ್, 2020ರಲ್ಲಿ ಗುಸ್ ಹಿಡ್ಡಿಂಕ್, 2024ರಲ್ಲಿ ಅಡ್ವೊಕಾಟ್. ನಡುವೆ ರೆಮ್ಕೊ ಬಿಸೆಂಟಿನಿ ಎಂಬ, ಇವರಷ್ಟು ಹೆಸರು ಮಾಡದ ಮನುಷ್ಯ ಸದ್ದಿಲ್ಲದೆ 2017ರಲ್ಲಿ ಜಮೈಕಾವನ್ನು 2-1ರಿಂದ ಸೋಲಿಸಿ ಕೆರಿಬಿಯನ್ ಕಪ್ ತಂದುಕೊಟ್ಟರು, 2019ರ ಗೋಲ್ಡ್ ಕಪ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿಸಿದರು. ಅಡಿಪಾಯ ಹಾಕಿದವರ ಫೋಟೊ ಉದ್ಘಾಟನೆಯ ದಿನ ಬರುವುದಿಲ್ಲ ಎಂಬ ನಿಯಮ ಕೆರಿಬಿಯನ್ನಿನಲ್ಲೂ ಜಾರಿಯಲ್ಲಿದೆ.

ಅದೃಷ್ಟವೂ ಬಾಗಿಲು ತಟ್ಟಿತು, ಸುಳ್ಳೇಕೆ. ವಿಶ್ವಕಪ್‌ನ ತಂಡಗಳು 32ರಿಂದ 48ಕ್ಕೆ ಏರಿದವು. ಅಮೆರಿಕ, ಮೆಕ್ಸಿಕೊ, ಕೆನಡಾ ಮೂವರೂ ಆತಿಥೇಯರಾದ್ದರಿಂದ ಅರ್ಹತಾ ಪಂದ್ಯಗಳ ದಾರಿಯಲ್ಲಿ ಆ ವಲಯದ ಮೂರು ಬಂಡೆಗಳೂ ಇರಲಿಲ್ಲ. ಬರ್ಮುಡಾಕ್ಕೆ ಏಳು ಗೋಲು ಹೊಡೆದು, ಜಮೈಕಾಕ್ಕಿಂತ ಒಂದೇ ಒಂದು ಪಾಯಿಂಟ್ ಮುಂದೆ ನಿಂತು ಕ್ಯುರಾಸೊ ದಾಟಿತು. ಹೆಚ್ಚು ದೇಶ, ಹೆಚ್ಚು ಪಂದ್ಯ, ಹೆಚ್ಚು ಜಾಹೀರಾತು ಎಂಬ ಫಿಫಾದ ಲಾಭಬಡುಕತನದಿಂದ ಯಾರಿಗೋ ಒಬ್ಬ ಬಡವನಿಗೂ ಉಪಕಾರವಾಯಿತು. ಆಕಸ್ಮಿಕವಾಗಿ ಆದದ್ದು, ಫಿಫಾವನ್ನು ಅನುಮಾನಿಸಬೇಕಿಲ್ಲ.

ದ್ವೀಪದಲ್ಲೇ ಹುಟ್ಟಿದ ಹುಡುಗರೆಲ್ಲ ಎಲ್ಲಿ ಹೋದರು ಎಂಬ ಪ್ರಶ್ನೆ ಉಳಿಯಿತಲ್ಲ. ಅವರು ಬೇಸ್‌ಬಾಲ್ ಆಡುತ್ತಿದ್ದಾರೆ. ವಿಲ್ಲೆಮ್‌ಸ್ಟಾಡ್‌ನ ಆಂಡ್ರೂ ಜೋನ್ಸ್, ಕೆನ್ಲಿ ಜ್ಯಾನ್ಸನ್ ಅಮೆರಿಕದ ಮೇಜರ್ ಲೀಗ್‌ನ ದೊಡ್ಡ ಹೆಸರುಗಳು. 2004ರಲ್ಲಿ ಈ ಊರಿನ ಮಕ್ಕಳು ಲಿಟಲ್ ಲೀಗ್ ವಿಶ್ವ ಸರಣಿಯನ್ನೇ ಗೆದ್ದರು. ದ್ವೀಪದಲ್ಲಿ ಹುಟ್ಟಿದವರು ಅಮೆರಿಕದ ಕ್ಲಬ್ಬುಗಳಿಗೆ ಬೇಸ್‌ಬಾಲ್ ಆಡುತ್ತಾರೆ, ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದವರು ದ್ವೀಪಕ್ಕೆ ಫುಟ್‌ಬಾಲ್ ಆಡುತ್ತಾರೆ. ಜಾಗತೀಕರಣದ ಮೇಲೆ ಡಾಕ್ಟರೇಟ್ ಮಾಡುವವರು ಇನ್ನೆಲ್ಲಿ ಹುಡುಕಬೇಕು?

ನಮಗೂ ಈ ತಂಡಕ್ಕೂ ಹಳೆಯ ಪರಿಚಯವಿದೆ, ಮರೆತಿದ್ದೇವೆ ಅಷ್ಟೆ. 2019ರ ಜೂನ್ 5, ಥಾಯ್ಲೆಂಡಿನ ಬುರಿರಾಮ್, ಕಿಂಗ್ಸ್ ಕಪ್. ಭಾರತಕ್ಕೆ ಹೊಸ ಕೋಚ್ ಇಗೊರ್ ಸ್ಟಿಮಾಚ್‌ರ ಮೊದಲ ಪಂದ್ಯ. ಕ್ಯುರಾಸೊ 3, ಭಾರತ 1. ನಾಲ್ಕೂ ಗೋಲು ಮೊದಲಾರ್ಧದಲ್ಲೇ. ನಮ್ಮ ಒಂದು ಗೋಲು ಬೆಂಗಳೂರು ಎಫ್‌ಸಿ ನಾಯಕ ಸುನಿಲ್ ಚೆಟ್ರಿ ಪೆನಾಲ್ಟಿಯಲ್ಲಿ ಹೊಡೆದದ್ದು, ಅದು ಅವರ 108ನೇ ಅಂತರರಾಷ್ಟ್ರೀಯ ಪಂದ್ಯ, ಬೈಚುಂಗ್ ಭುಟಿಯಾ ದಾಖಲೆಯನ್ನು ದಾಟಿದ ದಿನ. ನಾವು ದಾಖಲೆಗೆ ಚಪ್ಪಾಳೆ ತಟ್ಟಿದೆವು. ಕ್ಯುರಾಸೊ ಫೈನಲ್‌ನಲ್ಲಿ ವಿಯೆಟ್ನಾಮನ್ನೂ ಸೋಲಿಸಿ ಕಪ್ಪು ಎತ್ತಿಕೊಂಡು ಹೋಯಿತು. ಆ ದಿನ ನಮಗೆ ಗೋಲು ಹೊಡೆದ ಲಿಯಾಂಡ್ರೊ ಬಕುನಾನೇ ಮುಂದೆ ತಂಡವನ್ನು ವಿಶ್ವಕಪ್‌ಗೆ ದಾಟಿಸಿದ ನಾಯಕ.

ಹೊರನಾಡಿನ ಮೊಮ್ಮಕ್ಕಳನ್ನು ನಮ್ಮವರೆನ್ನುವುದರಲ್ಲಿ ನಾವು ಕ್ಯುರಾಸೊಗಿಂತ ಹಿಂದೆ ಬಿದ್ದವರೇನಲ್ಲ. 2022ರಲ್ಲಿ ರಿಷಿ ಸುನಕ್ ಬ್ರಿಟನ್ ಪ್ರಧಾನಿಯಾದಾಗ ಬೆಂಗಳೂರಿಗೆ ಬೆಂಗಳೂರೇ ಅಳಿಯಂದಿರೆಂದು ಕುಣಿಯಿತು. ಅಮೆರಿಕದ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಗೆಲ್ಲಲೆಂದು ಅವರ ಅಜ್ಜನ ಊರು, ತಮಿಳುನಾಡಿನ ತುಳಸೇಂದ್ರಪುರದಲ್ಲಿ ಪೂಜೆ ನಡೆಯಿತು. ಅಂದಹಾಗೆ ಹ್ಯಾರಿಸ್ ತಂದೆ ಜಮೈಕಾದವರು, ತಾಯಿ ಚೆನ್ನೈಯವರು. ಫಿಫಾದ ಗೋತ್ರ ವಿಚಾರಣೆಯಲ್ಲಿ ಆಕೆ ಜಮೈಕಾಕ್ಕೆ ಸಲೀಸಾಗಿ ಆಡಬಹುದಿತ್ತು. ಭಾರತಕ್ಕೆ ಮಾತ್ರ ಆಗುತ್ತಿರಲಿಲ್ಲ, ಯಾಕೆಂದರೆ ನಮ್ಮ ಸರ್ಕಾರದ ನಿಯಮದ ಪ್ರಕಾರ ದೇಶದ ಅಂಗಿ ತೊಡಲು ಭಾರತದ ಪಾಸ್‌ಪೋರ್ಟೇ ಬೇಕು; ಎರಡು ದೇಶದ ಪೌರತ್ವವನ್ನು ನಮ್ಮ ಸಂವಿಧಾನ ಒಪ್ಪುವುದಿಲ್ಲ. ಹೊರಗೆ ಗೆದ್ದ ಮೊಮ್ಮಗನಿಗೆ ಮುಖಪುಟ, ಒಳಗೆ ಆಡಲು ಬಂದ ಮೊಮ್ಮಗನಿಗೆ ಅರ್ಜಿ ನಮೂನೆ.

ಅಂಥ ಒಬ್ಬ ಬಂದೂ ಬಂದ. ಪರ್ತ್‌ನಲ್ಲಿ ಹುಟ್ಟಿ ಬೆಂಗಳೂರು ಎಫ್‌ಸಿಗೆ ಆಡುವ ರಯಾನ್ ವಿಲಿಯಮ್ಸ್. ತಾಯಿ ಮುಂಬೈಯ ಆಂಗ್ಲೋ-ಇಂಡಿಯನ್ ಮನೆತನದವರು. ಆಸ್ಟ್ರೇಲಿಯಾದ ಪೌರತ್ವ ಬಿಟ್ಟುಕೊಟ್ಟು 2025ರ ನವೆಂಬರ್ ಹೊತ್ತಿಗೆ ಭಾರತೀಯನಾದ, ತಂಡದೊಡನೆ ಢಾಕಾಕ್ಕೂ ಹೋದ. ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಅಲ್ಲಿ ಬಾಂಗ್ಲಾದೇಶ 22 ವರ್ಷಗಳ ನಂತರ ಭಾರತವನ್ನು ಸೋಲಿಸಿತು, 1-0. ತಾರೀಖು ನವೆಂಬರ್ 18. ವಿಲಿಯಮ್ಸ್ ಪಂದ್ಯದ ಪಟ್ಟಿಯಲ್ಲಿರಲಿಲ್ಲ. ಅವನ ಅನುಮತಿ ಪತ್ರ ಇನ್ನೂ ಬಂದಿರಲಿಲ್ಲವಂತೆ.