ಕಲ್ಲುದೋಟದ ಕಾಡುಬಸಳೆ: ನೀರು ಹಾಕದಿರುವುದರ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಈ ಗ್ರಂಥದ ವಿಷಯ ಕಾಡುಬಸಳೆ. ಪ್ರಯೋಜನ, ಅದು ನಮ್ಮ ಕೈಯಲ್ಲಿ ಸಾಯದಿರುವುದು. ಸಂಬಂಧ, ಗಿಡಕ್ಕೂ ಕಲ್ಲಿಗೂ ಇರುವಂಥದ್ದು. ಯಜಮಾನನಿಗೂ ಗಿಡಕ್ಕೂ ಯಾವ ಸಂಬಂಧವೂ ಇರತಕ್ಕದ್ದಲ್ಲ. ಇನ್ನು ಅಧಿಕಾರಿ ಯಾರೆಂದರೆ, ಮನೆ ಕಟ್ಟಿ ಮುಗಿಸಿ, ಕಾಂಪೌಂಡಿನ ಮೂಲೆಯಲ್ಲಿ ಉಳಿದ ಅರ್ಧ ಲೋಡು ಸೈಜು ಕಲ್ಲನ್ನು ಸಾಗಿಸಲು ಟ್ರ್ಯಾಕ್ಟರಿನವನು ಕೇಳಿದ ಬಾಡಿಗೆಗೆ ಬೆಚ್ಚಿ, ‘ಇರಲಿ ಬಿಡು, ರಾಕ್ ಗಾರ್ಡನ್ ಮಾಡೋಣ’ ಎಂದ ಗೃಹಸ್ಥ.

ಶಿಲೋದ್ಯಾನದ ಉಗಮದ ಬಗ್ಗೆ ಬೇರೆ ಬೇರೆ ವಾದಗಳಿದ್ದರೂ ಪ್ರಸ್ತುತ ಲೇಖಕನಿಗೆ ಅವು ಮಾನ್ಯವಲ್ಲ. ಚಂಡೀಗಢದಲ್ಲಿ ನೇಕ್ ಚಂದ್ 1957ರಿಂದ ಸರ್ಕಾರಕ್ಕೂ ಸುಳಿವು ಕೊಡದೆ ಕಟ್ಟುತ್ತಾ ಹೋದ ಪ್ರಸಿದ್ಧ ಉದ್ಯಾನಕ್ಕೂ ಮೂಲದ್ರವ್ಯ ಒಡೆದ ಹೆಂಚು, ಬಳೆಚೂರು, ಪಿಂಗಾಣಿ ತುಂಡುಗಳೇ. ಆದ್ದರಿಂದ ಉಳಿಕೆ ಸಾಮಾನೇ ಶಿಲೋದ್ಯಾನದ ಉಪಾದಾನ ಕಾರಣ. ಯಜಮಾನ ಕೇವಲ ನಿಮಿತ್ತ ಕಾರಣ. ಎಸೆಯಲು ಹಣವಿಲ್ಲದಿರುವುದು ಸಹಕಾರಿ ಕಾರಣ.

ಬೆಂಗಳೂರಿಗರ ಮಟ್ಟಿಗೆ ಈ ಕೃಷಿಯ ಪೂರ್ವಸಿದ್ಧತೆ ಸುಮಾರು 300 ಕೋಟಿ ವರ್ಷಗಳ ಹಿಂದೆಯೇ ಮುಗಿದಿದೆ. ಲಾಲ್‌ಬಾಗಿನ ನೈಸ್ ಬಂಡೆಗೆ ಭೂವಿಜ್ಞಾನಿಗಳು ಹೇಳುವ ವಯಸ್ಸು ಅಷ್ಟು. ಅದಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮರ್ಯಾದೆಯೂ ಸಂದಿದೆ, ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವೂ ಕೂತಿದೆ. ಅಂಥ ಕಲ್ಲಿನ ತುಂಡೊಂದನ್ನು ಅಂಗಳದಲ್ಲಿಟ್ಟುಕೊಂಡು ‘ಹದಿನೈದು ದಿನ ಆಯ್ತು, ಇನ್ನೂ ಚಿಗುರೇ ಬಂದಿಲ್ಲ’ ಎಂದು ಗೊಣಗುವವರಿಗೆ ಕಾಲಗಣನೆಯ ಪ್ರಾಥಮಿಕ ಪಾಠ ಆಗಿಲ್ಲವೆಂದೇ ಹೇಳಬೇಕು. ಕಲ್ಲನ್ನು ಮೂರರಲ್ಲೊಂದು ಪಾಲು ಮಣ್ಣೊಳಗೆ ಹೂಳಬೇಕು, ಇಲ್ಲದಿದ್ದರೆ ಅದು ನಿನ್ನೆ ಲಾರಿಯಿಂದ ಬಿದ್ದಂತೆ ಕಾಣುತ್ತದೆ. ಸಂದುಗಳಿಗೆ ಎರಡು ಪಾಲು ದಪ್ಪ ಮರಳು ಮತ್ತು ಜಲ್ಲಿಚೂರು, ಒಂದು ಪಾಲು ಕೆಮ್ಮಣ್ಣು. ಜೇಡಿಮಣ್ಣು ನಿಷಿದ್ಧ. ಗೊಬ್ಬರದ ವಿಚಾರದಲ್ಲಿ ಮೌನವೇ ಪ್ರಮಾಣ.

ಈಗ ಮುಖ್ಯ ವಿವಾದಕ್ಕೆ ಬರೋಣ. ಪೂರ್ವಪಕ್ಷ ಹೀಗಿದೆ: ಜೀವವಿರುವುದಕ್ಕೆಲ್ಲ ನೀರು ಬೇಕು, ಕಾಡುಬಸಳೆಗೆ ಜೀವವಿದೆ, ಆದ್ದರಿಂದ ದಿನಕ್ಕೊಂದು ತಂಬಿಗೆ. ಇದು ಪ್ರತಿ ಮನೆಯಲ್ಲೂ ಅತ್ತೆಯವರ ಪರಂಪರೆಯಲ್ಲಿ ಬಂದ ಮತ. ಅನುಮಾನ ಸಾಲದಿದ್ದರೆ ಅವರ ಬಳಿ ಪ್ರತ್ಯಕ್ಷ ಪ್ರಮಾಣವೂ ಉಂಟು: ‘ಪಾಪ, ಹೇಗೆ ಬಾಡಿದೆ ನೋಡಿ!’ ಇದರಲ್ಲೇ ಎರಡು ಉಪಶಾಖೆಗಳು. ಒಂದು, ಅಕ್ಕಿ ತೊಳೆದ ನೀರಿನವರದು; ಇನ್ನೊಂದು, ಟೀ ಸೋಸಿದ ಚರಟದವರದು. ಎರಡೂ ಶಾಖೆಗಳಿಗೆ ಪರಸ್ಪರ ಮಾತಿಲ್ಲ. ಮೊಟ್ಟೆ ಸಿಪ್ಪೆಯವರು ಅರ್ವಾಚೀನರು. ಅವರ ಪಾಠವನ್ನು ಪ್ರಕ್ಷಿಪ್ತವೆಂದು ಬಿಡಬಹುದು.

ಸಿದ್ಧಾಂತಿಯ ಉತ್ತರ: ದಿನಾ ನೀರು ಬಿದ್ದರೆ ಬೇರಿಗೆ ಉಸಿರಾಡಲು ಗಾಳಿ ಸಿಗದು, ಬುಡ ಕಪ್ಪಾಗಿ ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯದು, ಆದ್ದರಿಂದ ಎಲೆ ಬಾಡುತ್ತದೆ. ಬಾಡಿದ್ದನ್ನು ಕಂಡು ಇನ್ನೊಂದು ತಂಬಿಗೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು; ನರ್ಸರಿಯವರು ವ್ಯಾಪಾರ ಎನ್ನುತ್ತಾರೆ. ನೆಟ್ಟ ಹೊಸತರಲ್ಲಿ, ಬೇರು ಹಿಡಿಯುವ ತನಕ ವಾರಕ್ಕೊಮ್ಮೆ ತುಸು ಚಿಮುಕಿಸುವುದು ವಿಧಿ. ಆಮೇಲೆ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ, ಅದೂ ಮಣ್ಣು ಪೂರ್ತಿ ಒಣಗಿದ್ದರೆ. ಮಳೆಗಾಲದಲ್ಲಿ ತಂಬಿಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕತಕ್ಕದ್ದು, ಬೀಗದ ಕೈ ಅತ್ತೆಯವರ ಸೊಂಟಕ್ಕೆ ಹೋಗದಂತೆ ಎಚ್ಚರ ವಹಿಸತಕ್ಕದ್ದು.

ಇಷ್ಟಕ್ಕೂ ಈ ಗಿಡ ಯಾರನ್ನೂ ಕೇಳದೆ ಬದುಕುವುದು ಹೇಗೆ? ಇಲ್ಲಿ ಆಪ್ತವಾಕ್ಯ ಬೆಂಜಮಿನ್ ಹೈನೆಯದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯ ಕೈಗೆ ಬಂದ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡ ಜರ್ಮನ್ ಸಸ್ಯಶಾಸ್ತ್ರಜ್ಞ ಈತ. ಪ್ರಯೋಗಶಾಲೆ ಬೇಡ, ಅನುದಾನ ಬೇಡ, ನಾಲಿಗೆಯೊಂದೇ ಉಪಕರಣ. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ, ಸಂಜೆ ಸ್ವಲ್ಪ ಕಹಿ ಎಂದು ಆತ 1813ರಲ್ಲಿ ಬರೆದ ಪತ್ರ ಎರಡು ವರ್ಷದ ನಂತರ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಒಂದೇ ಎಲೆಯನ್ನು ಹೊತ್ತುಹೊತ್ತಿಗೂ ಅಗಿದು ನೋಡಬೇಕೆಂದು ಒಬ್ಬ ಮನುಷ್ಯನಿಗೆ ತೋಚಿದ್ದು ಹೇಗೆಂಬುದು ಸಸ್ಯಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಕಾರಣ ತಿಳಿದದ್ದು ಬಹಳ ಕಾಲದ ಮೇಲೆ. ಗಿಡ ರಾತ್ರಿ ಎಲೆರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಬಿಟ್ಟುಕೊಂಡು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ, ಬೆಳಗಿನ ಹುಳಿ ಅದರದು. ಹಗಲು ರಂಧ್ರ ಮುಚ್ಚಿ, ತೇವ ಆರಿಹೋಗದಂತೆ ನೋಡಿಕೊಂಡು, ಕೂಡಿಟ್ಟ ಸರಕಿನಲ್ಲೇ ಬಿಸಿಲಿನ ಅಡುಗೆ. ಮೇ ತಿಂಗಳ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಹೊತ್ತು ಮುಳುಗಿದ ಮೇಲೆ ಕಟ್ಟೆಗೆ ಬರುವ ಕಲಬುರಗಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಂತಾನ ಪ್ರಕರಣ ಇನ್ನೂ ರೋಚಕ. ನವಿಲುಗರಿಯನ್ನು ಪುಸ್ತಕದೊಳಗಿಟ್ಟರೆ ಮರಿ ಹಾಕುತ್ತದೆಂಬ ಪ್ರಮೇಯವನ್ನು ಕನ್ನಡ ಶಾಲೆಗಳ ಎಷ್ಟೋ ತಲೆಮಾರಿನ ಸಂಶೋಧಕರು ಮೇವಿಗೆಂದು ಪೆನ್ಸಿಲ್ ಹೆರೆದ ಪುಡಿ ಉದುರಿಸಿ ಪರೀಕ್ಷಿಸಿದ್ದಾರೆ. ಫಲಿತಾಂಶ ಇನ್ನೂ ಬರಬೇಕಿದೆ. ಅದೇ ಪುಸ್ತಕದಲ್ಲಿ ಕಾಡುಬಸಳೆಯ ಎಲೆ ಇಟ್ಟವರಿಗೆ ಮಾತ್ರ ಪ್ರಮೇಯ ಸಿದ್ಧಿಸಿತು. ಗಿಡದಿಂದ ಬೇರ್ಪಟ್ಟ ಎಲೆ ಅಂಚಿನ ಕಚ್ಚುಗಳಲ್ಲಿ ಬೇರು ಬಿಟ್ಟು, ಪುಟ್ಟ ಪುಟ್ಟ ಮರಿಗಿಡಗಳನ್ನು ಹೊರಡಿಸುತ್ತದೆ. ಮಣ್ಣೂ ಬೇಕಿಲ್ಲ. ಯಾವ ಪುಸ್ತಕ ಸೂಕ್ತ ಎಂಬ ಬಗ್ಗೆ ಜಿಜ್ಞಾಸೆಯಿದೆ. ಯಾರೂ ತೆರೆಯದ ಪುಸ್ತಕವೇ ಉತ್ತಮವಾದ್ದರಿಂದ ಅಭಿನಂದನ ಗ್ರಂಥಗಳು ಸರ್ವಶ್ರೇಷ್ಠವೆಂಬುದು ಪ್ರಸ್ತುತ ಲೇಖಕನ ಮತ. ಜರ್ಮನಿಯ ಮಹಾಕವಿ ಗಯಟೆಗೂ ಈ ಎಲೆಯ ಹುಚ್ಚಿತ್ತು; ವೈಮಾರಿನ ಮನೆಯಲ್ಲಿ ಗಿಡ ಬೆಳೆಸಿ ಸ್ನೇಹಿತರಿಗೆ ಹಂಚುತ್ತಿದ್ದ. ಸ್ನೇಹಿತರಿಗೆ ಕವನ ಕಳಿಸುವ ಕವಿಗಳ ನಡುವೆ ಇಂಥವನೊಬ್ಬ ಇದ್ದನೆಂಬುದನ್ನು ನಮ್ಮ ವಿಮರ್ಶಕರು ಗಮನಿಸಬೇಕು.

ಚಳಿಗಾಲದಲ್ಲಿ ಗಂಟೆಗಳಂತೆ ಹೂ ತೂಗುತ್ತವೆ. ಊದಿದ ಪುಷ್ಪಪಾತ್ರೆಯನ್ನು ಮಕ್ಕಳು ಹಿಸುಕಿ ಟಪ್ ಎನ್ನಿಸುವುದು ಸಂಪ್ರದಾಯಸಮ್ಮತ.

ಒಂದು ಸ್ಪಷ್ಟನೆ. ಈ ಎಲೆ ತಿಂದರೆ ಮೂತ್ರಪಿಂಡದ ಕಲ್ಲು ಕರಗುತ್ತದೆಂಬ ಪ್ರತೀತಿ ಬೀದಿಬೀದಿಯಲ್ಲಿದೆ. ಈ ಪ್ರಬಂಧದ ವ್ಯಾಪ್ತಿ ಹೊರಗಿನ ಕಲ್ಲಿಗೆ ಮಾತ್ರ ಸೀಮಿತ. ಒಳಗಿನ ಕಲ್ಲಿದ್ದವರು ವೈದ್ಯರಲ್ಲಿಗೆ ಹೋಗತಕ್ಕದ್ದು. ದನಗಳಿಗಂತೂ ಇದನ್ನು ಹಾಕಲೇಬಾರದು, ಇದರಲ್ಲಿರುವ ಕೆಲವು ರಾಸಾಯನಿಕಗಳು ಅವುಗಳ ಹೃದಯಕ್ಕೇ ವಿಷ.

ಇಷ್ಟೆಲ್ಲ ಪಥ್ಯ ಪಾಲಿಸಿದರೆ ಗಿಡ ಉಳಿಯುತ್ತದೆಯೇ ಎಂದು ಶಿಷ್ಯರು ಕೇಳಬಹುದು. ಉಳಿಯುವುದಲ್ಲ, ತೊಲಗುವುದು ಹೇಗೆಂಬುದೇ ಮುಂದಿನ ಪ್ರಶ್ನೆ. ಮಡಗಾಸ್ಕರ್‌ನಲ್ಲಿ ಹುಟ್ಟಿದ ಈ ಗಿಡ ಹವಾಯಿಯಲ್ಲೂ ಗ್ಯಾಲಪಗೋಸ್ ದ್ವೀಪಗಳಲ್ಲೂ ಕಳೆಯೆಂದು ಹೆಸರು ಕೆಡಿಸಿಕೊಂಡಿದೆ. ಕಿತ್ತೆಸೆದ ಎಲೆ ಬಿದ್ದಲ್ಲೇ ಸಂಸಾರ ಹೂಡಿದರೆ ಯಾರು ತಾನೇ ಏನು ಮಾಡಿಯಾರು?

ಫಲಶ್ರುತಿ: ಇದನ್ನು ಓದಿದವರು, ಓದಿಸಿ ಕೇಳಿದವರು ಕಾಡುಬಸಳೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿ ಬಾರದು. ಅದಿರುವ ಯಾವುದೇ ಮನೆಯ ಮುಂದೆ ನಿಂತು ‘ಏನು ಗಿಡಾನಮ್ಮ ಇದು?’ ಎಂದು ಕೇಳಿದರೆ, ಬೇಡವೆಂದರೂ ನಾಲ್ಕು ಎಲೆ ಕೈಗೆ ಬರುತ್ತವೆ, ಜೊತೆಗೆ ‘ದಿನಾ ನೀರು ಹಾಕಿ’ ಎಂಬ ಉಪದೇಶವೂ. ಎಲೆಗಳನ್ನು ಜೇಬಿಗಿಳಿಸಿಕೊಂಡು, ಉಪದೇಶವನ್ನು ಅವರ ಗೇಟಿನ ಹತ್ತಿರವೇ ಬಿಟ್ಟು ಬರತಕ್ಕದ್ದು.