ಹಟ್ಟಿ ಋತುಚರ್ಯೆ: ಬಯಲುಸೀಮೆಯ ಆರೋಗ್ಯಶಾಸ್ತ್ರಕ್ಕೊಂದು ಪೀಠಿಕೆ

ಪೂರ್ವಪಕ್ಷ

ವಾಗ್ಭಟನ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದಲ್ಲಿ ಮೂರನೆಯ ಅಧ್ಯಾಯಕ್ಕೆ ಋತುಚರ್ಯೆ ಎಂದು ಹೆಸರು. ವರ್ಷವನ್ನು ಆರು ಋತುಗಳಾಗಿ ಹಂಚಿ, ಯಾವಾಗ ಏನು ಉಣ್ಣಬೇಕು, ಎಲ್ಲಿ ಮಲಗಬೇಕು, ಮೈಗೆ ಏನು ಪೂಸಿಕೊಳ್ಳಬೇಕು ಎಂಬುದನ್ನೆಲ್ಲ ಆ ಮಹಾನುಭಾವ ಅಲ್ಲಿ ಓರಣವಾಗಿ ಜೋಡಿಸಿಟ್ಟಿದ್ದಾನೆ. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನದರ ಮೊದಲ ಏಳು ದಿನ ಸೇರಿದರೆ ಋತುಸಂಧಿ. ಆ ಹೊತ್ತಿನಲ್ಲಿ ಹಳೆಯ ಪಥ್ಯವನ್ನು ಮೆಲ್ಲಗೆ ಬಿಟ್ಟು ಹೊಸದನ್ನು ಮೆಲ್ಲಗೆ ಹಿಡಿಯಬೇಕು, ದಿಢೀರನೆ ಬದಲಿಸಿದರೆ ರೋಗ ಖಚಿತ ಎನ್ನುತ್ತಾನೆ. ಶಾಸ್ತ್ರದಲ್ಲಿ ದೋಷವಿಲ್ಲ. ತೊಡಕು ಇಷ್ಟೇ: ವಾಗ್ಭಟ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದ ಎನ್ನುವುದಕ್ಕೆ ಯಾವ ಆಧಾರವೂ ಸಿಗುವುದಿಲ್ಲ.

ಇಳಿದಿದ್ದರೆ ಗ್ರೀಷ್ಮದ ಪಥ್ಯವನ್ನು ಹಾಗೆ ಬರೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಶ್ರೀಗಂಧ ಲೇಪಿಸಿಕೊಂಡು, ನೀರು ಚಿಮ್ಮುವ ಧಾರಾಗೃಹದಲ್ಲಿ ಹಗಲು ಕಳೆದು, ರಾತ್ರಿ ಉಪ್ಪರಿಗೆಯ ಮೇಲೆ ಬೆಳದಿಂಗಳಿಗೆ ಮೈಯೊಡ್ಡಿ, ಸಕ್ಕರೆ ಬೆರೆಸಿದ ತಣ್ಣನೆಯ ಎಮ್ಮೆಹಾಲು ಕುಡಿ ಎಂಬುದು ಅವನ ವಿಧಿ. ಈ ಪಟ್ಟಿಯಲ್ಲಿ ಹಟ್ಟಿಯವರ ಕೈಗೆ ನಿಲುಕುವುದು ಬೆಳದಿಂಗಳೊಂದೇ. ಏಪ್ರಿಲ್ ತಿಂಗಳಲ್ಲಿ ಕೊಡ ಹಿಡಿದು ನಲ್ಲಿಯ ಮುಂದೆ ನಿಂತ ಹೆಂಗಸರ ಬಳಿ ಧಾರಾಗೃಹದ ಮಾತೆತ್ತುವ ಧೈರ್ಯ ಪ್ರಸ್ತುತ ಪ್ರಬಂಧಕಾರನಿಗೆ ಇಲ್ಲ. ಕ್ಷೇತ್ರಕಾರ್ಯದ ನಿಯಮಗಳಲ್ಲಿ ಸಂಶೋಧಕನ ಪ್ರಾಣರಕ್ಷಣೆಯೂ ಒಂದು.

ಪ್ರಮಾಣ ವಿಚಾರ

ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳನ್ನು ನಮ್ಮ ದರ್ಶನಕಾರರು ಒಪ್ಪಿದ್ದಾರೆ. ಹಟ್ಟಿ ಶಾಖೆಯಲ್ಲಿ ಇವು ಮೂರೂ ಅವ್ವ ಎಂಬ ನಾಲ್ಕನೆಯ ಪ್ರಮಾಣಕ್ಕೆ ಅಧೀನ. ಅವ್ವ ಪ್ರಮಾಣಕ್ಕೆ ಥರ್ಮಾಮೀಟರ್ ಬೇಕಿಲ್ಲ, ಅಂಗೈ ಸಾಕು. ರೋಗನಿದಾನದ ಕ್ರಮವೂ ನಿಶ್ಚಿತ: ಮೊದಲು ಬೈಗುಳ, ಆಮೇಲೆ ಔಷಧ. “ಯಾರ್ ಹೇಳಿದ್ರಪ್ಪ ಉರಿಬಿಸ್ಲಾಗೆ ತಿರುಗು ಅಂತ? ಕಣ್ಣು ಹೆಂಗ್ ಕೆಂಪಗಾಗ್ಯಾವೆ ನೋಡು. ಕುಂದ್ರು, ಮಜ್ಗೆ ತರ್ತೀನಿ.” ಇಷ್ಟರಲ್ಲಿ ನಿದಾನ, ಕಾರಣ, ಚಿಕಿತ್ಸೆ, ವಿಶ್ರಾಂತಿಯ ಸಲಹೆ ಎಲ್ಲವೂ ಮುಗಿದಿರುತ್ತವೆ. ಸಮಾಲೋಚನಾ ಶುಲ್ಕ ಇಲ್ಲ, ಎದುರುವಾದಕ್ಕೆ ಅವಕಾಶವೂ ಇಲ್ಲ.

ಋತುವಿಭಾಗ

ಆರು ಋತುಗಳ ಸಿದ್ಧಾಂತ ಇಲ್ಲಿ ನಿಲ್ಲುವುದಿಲ್ಲ. ಚಳ್ಳಕೆರೆ ಸೀಮೆಯ ವಾರ್ಷಿಕ ಮಳೆ 500 ಮಿಲಿಮೀಟರಿನ ಆಸುಪಾಸು. ಇದೇ ರಾಜ್ಯದ ಆಗುಂಬೆಯಲ್ಲಿ ಅಷ್ಟು ಮಳೆ ಮುಂಗಾರಿನ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಹೀಗಿರುವಾಗ ವರ್ಷಋತು ಎಂಬ ಪ್ರತ್ಯೇಕ ಹುದ್ದೆಯನ್ನು ಮಂಜೂರು ಮಾಡುವುದು ದುಂದುವೆಚ್ಚ. ವಸಂತ, ಶರದ್ ಮುಂತಾದವು ಶುಭಲೇಖನ ಪತ್ರಿಕೆಗಳಲ್ಲಿ ಮಾತ್ರ ಕಂಡುಬರುತ್ತವೆ. ಆದ್ದರಿಂದ ಹಟ್ಟಿಯ ಋತುಗಳು ನಾಲ್ಕೇ: ಬಿಸಿಲು, ಗಾಳಿ, ಮೋಡ, ಚಳಿ. ಮೋಡ ಎಂದೆನೇ ಹೊರತು ಮಳೆ ಎನ್ನಲಿಲ್ಲ, ಗಮನಿಸಬೇಕು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ರೈತರು ಮಳೆನಕ್ಷತ್ರಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಚ್ಚಿನವರ ಮುಂದೆ ಗೈರು ಎಂದೇ ಬರೆಯಬೇಕಾಗುತ್ತದೆ.

ಬಿಸಿಲೃತು

ಇದು ಫಾಲ್ಗುಣದ ಜಾತ್ರೆಯಿಂದ ಆರಂಭ. ಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವ ದಿನ ಶಿವರಾತ್ರಿಗೂ ಯುಗಾದಿಗೂ ನಡುವೆ ಬೀಳುವುದನ್ನು ನೋಡಿದರೆ, ವಾಗ್ಭಟ ಹೇಳಿದ ಋತುಸಂಧಿ ಇದೇ ಎನ್ನುವುದರಲ್ಲಿ ಸಂಶಯ ಉಳಿಯುವುದಿಲ್ಲ. ‘ಮೆಲ್ಲಗೆ ಬದಲಿಸು’ ಎಂಬ ಅವನ ಮಾತನ್ನು ಮಾತ್ರ ಇಲ್ಲಿ ಯಾರೂ ಪಾಲಿಸುವುದಿಲ್ಲ. ಲಕ್ಷಾಂತರ ಜನ ಒಂದೇ ಮಧ್ಯಾಹ್ನ ನೆತ್ತಿಯ ಬಿಸಿಲಿಗೆ ಬಂದು ನಿಂತು, ಮುಂದಿನ ಮೂರು ತಿಂಗಳ ಸೆಕೆಯನ್ನು ಸಗಟಾಗಿ ಅಭ್ಯಾಸ ಮಾಡಿಕೊಂಡುಬಿಡುತ್ತಾರೆ. ತೇರಿನ ಮೇಲೆ ಬಾಳೆಹಣ್ಣು ಎಸೆಯುವುದು, ಹೊರಮಠದ ಬಳಿ ಒಣಕೊಬ್ಬರಿ ಸುಡುವುದು ಹರಕೆಗಳಲ್ಲಿ ಮುಖ್ಯವಾದವು. ಬೆವರಿಳಿದ ಮೈಗೆ ಬಾಳೆಹಣ್ಣು ಎಷ್ಟು ಹಿತ ಎಂಬುದನ್ನು ಆಧುನಿಕ ವೈದ್ಯರೂ ಬಲ್ಲರು. ಅದನ್ನು ಸೇವಿಸಬೇಕೋ ಎಸೆಯಬೇಕೋ ಎಂಬಲ್ಲಿ ವೈದ್ಯರಿಗೂ ಭಕ್ತರಿಗೂ ಭಿನ್ನಾಭಿಪ್ರಾಯವಿದೆ. ಜಾತ್ರೆಯ ಮುಕ್ತಿ ಬಾವುಟ ಲಕ್ಷಗಟ್ಟಲೆ ರೂಪಾಯಿಗೆ ಹರಾಜಾಗುವುದನ್ನು ನೋಡಿದಾಗ, ಮೋಕ್ಷಕ್ಕಿಂತ ಆರೋಗ್ಯ ಅಗ್ಗ ಎಂಬ ನಿಷ್ಕರ್ಷೆಗೆ ಬರಬಹುದು.

ಈ ಋತುವಿನ ಔಷಧಕೋಶ ಚಿಕ್ಕದು. ಯುಗಾದಿಯ ಬೇವು ಬೆಲ್ಲ. ಬೇವನ್ನು ನುಂಗುವವರು ದೊಡ್ಡವರು, ಬೆಲ್ಲವನ್ನು ಮಾತ್ರ ಆಯ್ದುಕೊಳ್ಳುವವರು ಮಕ್ಕಳು. ವರ್ಷಪೂರ್ತಿ ಮೂಗು ಸೋರುವುದು ಯಾರಿಗೆ ಎಂದು ಅವ್ವ ಪ್ರಮಾಣದವರು ಬೆರಳು ತೋರಿಸುತ್ತಾರೆ. ಬೇಲಿಯಂಚಿನ ತಂಗಡಿ ಸೊಪ್ಪನ್ನು ರುಮಾಲಿನೊಳಗೆ ಇಟ್ಟು ಸುತ್ತಿಕೊಂಡರೆ ನೆತ್ತಿ ತಂಪು. ಹೊಂಗೆಯ ನೆರಳು ಹೊರಗಿನಿಂದ, ರಾಗಿ ಅಂಬಲಿ ಮತ್ತು ಹಸಿ ಈರುಳ್ಳಿ ಒಳಗಿನಿಂದ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕಟ್ಟೆಯ ಮೇಲೆ ಸುಮ್ಮನೆ ಕೂರುವುದು. ಈ ಕಡೆಯದನ್ನು ಪೇಟೆಯವರು ಸೋಮಾರಿತನ ಎಂದು ತಪ್ಪಾಗಿ ಅನುವಾದಿಸಿದ್ದಾರೆ. ಅದೇ ಪೇಟೆಯಲ್ಲಿ ಕಣ್ಮುಚ್ಚಿ ಸುಮ್ಮನೆ ಕೂರುವುದನ್ನು ಕಲಿಸಲು ಸಾವಿರಾರು ರೂಪಾಯಿ ಶುಲ್ಕವಿದೆ.

ಔಷಧದ ಪ್ರಮಾಣ ಎಷ್ಟು? ಇದಕ್ಕೆ ಹಟ್ಟಿಯ ಗುರುವಿನ ವಾಕ್ಯವೇ ಆಧಾರ: ‘ಮಾಡಿದಷ್ಟು ನೀಡು ಭಿಕ್ಷೆ’. ಲಾರಿ, ಆಟೋಗಳ ಹಿಂದೆ ಇದನ್ನು ನೀವು ಓದಿರುತ್ತೀರಿ. ಪ್ರಬಂಧಕಾರನ ಮತದಲ್ಲಿ ಇದು ದೇಹಶಾಸ್ತ್ರದ ಸೂತ್ರ. ಹೊಲದಲ್ಲಿ ಮಾಡಿದಷ್ಟು ಮುದ್ದೆ ಜೀರ್ಣ, ನಡೆದಷ್ಟು ನಿದ್ದೆ. ನೆರಳಲ್ಲಿ ಕೂತು ಮೂರು ಮುದ್ದೆ ಉಂಡವನ ಹೊಟ್ಟೆಗೆ ಯಾವ ಕಷಾಯವೂ ಭಿಕ್ಷೆ ನೀಡುವುದಿಲ್ಲ.

ಗಾಳಿಯೃತು

ಆಷಾಢದ ಗಾಳಿಗೆ ಸಾಕ್ಷಿ ಕೇಳುವ ಸಂದೇಹವಾದಿಗಳಿಗೆ ಇಸ್ರೊದ ದಾಖಲೆಯನ್ನೇ ಮುಂದಿಡಬಹುದು. ಹಟ್ಟಿಯ ಸಮೀಪದ ಅಮೃತಮಹಲ್ ಕಾವಲುಗಳಲ್ಲಿ ಈಗ ದನಗಳಿಗಿಂತ ವಿಜ್ಞಾನಿಗಳು ಹೆಚ್ಚು ಮೇಯುತ್ತಿದ್ದಾರೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಇನ್ನೊಂದೆಡೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ. ಆ ವಲಯದ ಓಡುಹಾದಿಯಲ್ಲಿ ‘ಪುಷ್ಪಕ್’ ಎಂಬ ಮರುಬಳಕೆಯ ನೌಕೆ ತಾನಾಗಿ ಇಳಿಯುವ ಪರೀಕ್ಷೆ ಮೂರು ಸಲ ನಡೆಯಿತು. ಮೂರನೆಯದು 2024ರ ಜೂನ್ 23ರಂದು, ಹಿಂದಿನ ಎರಡಕ್ಕಿಂತ ಜೋರಾದ ಗಾಳಿಯಲ್ಲಿ ನಡೆಯಿತೆಂದು ಇಸ್ರೊವೇ ಹೇಳಿದೆ. ಆಗ ಆಷಾಢ ಹುಟ್ಟಲು ಇನ್ನೂ ಸುಮಾರು ಎರಡು ವಾರ ಇತ್ತು. ಎರಡು ವಾರ ತಡೆದಿದ್ದರೆ ನೌಕೆ ಎಲ್ಲಿ ಇಳಿಯುತ್ತಿತ್ತು ಎಂಬುದು ಹೆಚ್ಚಿನ ಸಂಶೋಧನೆಗೆ ಯೋಗ್ಯ.

ಗಾಳಿಯ ರೋಗಗಳು ಕೆಮ್ಮು, ಕಣ್ಣುರಿ, ಕೀಲುನೋವು. ಎಲ್ಲಕ್ಕೂ ಮದ್ದು ಒಂದೇ, ಕಂಬಳಿ. ಚಳ್ಳಕೆರೆ ಸೀಮೆಯ ಕುರುಬರು ನಾಡಕುರಿಯ ಉಣ್ಣೆಯನ್ನು ನೂತು, ಹುಣಸೆಬೀಜದ ಗಂಜಿ ಹಚ್ಚಿ, ಗುಣಿಮಗ್ಗದಲ್ಲಿ ನೇಯುವ ಈ ವಸ್ತುವನ್ನು ತ್ರಿದೋಷಹರ ಎಂದು ಕರೆಯಲು ಅಡ್ಡಿಯಿಲ್ಲ. ಚಳಿಗೆ ಹೊದಿಕೆ, ಹನಿ ಬಿದ್ದರೆ ಕೊಪ್ಪೆ, ಹಗಲು ಹಾಸಿಗೆ, ನೆಂಟರು ಬಂದರೆ ಗದ್ದುಗೆ. ಚುಚ್ಚುತ್ತದೆ ಎಂಬ ಆಕ್ಷೇಪಕ್ಕೆ ಸಮಾಧಾನ: ಚುಚ್ಚುವುದರಿಂದಲೇ ರಕ್ತ ಓಡಾಡುತ್ತದೆ. ಚೀನಾದಲ್ಲಿ ಇದಕ್ಕೆ ಸೂಜಿ ಬೇಕು.

ಮೋಡದೃತು, ಹೊರಬೀಡಿನ ಸಹಿತ

ಮೋಡ ಕಟ್ಟಿದಾಗ ಜ್ವರ ಹರಡುತ್ತದೆ, ಊರು ಮಾರಮ್ಮನನ್ನು ನೆನೆಯುತ್ತದೆ. ಇದೇ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ಆದರೆ ರೋಗನಿವಾರಣೆಯ ಇತಿಹಾಸದಲ್ಲಿ ಚಿತ್ರದುರ್ಗದ ಸೀಮೆಯ ನಿಜವಾದ ಕೊಡುಗೆ ಹೊರಬೀಡು. ಊರಿಗೆ ಕೇಡು ಬಂದಿದೆ ಎನಿಸಿದರೆ, ಬೆಳಕು ಹರಿಯುವ ಮೊದಲೇ ಒಲೆ ಆರಿಸಿ, ಮನೆಗೆ ಬೀಗ ಜಡಿದು, ಮುದುಕರು, ಮಕ್ಕಳು, ದನ, ಕುರಿ, ಕೋಳಿಗಳ ಸಮೇತ ಇಡೀ ಊರು ಹೊಲಗಳಿಗೆ ಹೊರಡುತ್ತದೆ. ಊರಬಾಗಿಲಿಗೆ ಮುಳ್ಳುಬೇಲಿ. ಅಡುಗೆ, ಊಟ ಎಲ್ಲವೂ ಮರದಡಿಯಲ್ಲಿ. ಹೊತ್ತು ಮುಳುಗಿದ ಮೇಲೆ ಪೂಜೆ ಮಾಡಿ ಒಳಗೆ ಬರುತ್ತಾರೆ. ರೋಗ ಬಂದು ಬಾಗಿಲು ತಟ್ಟಿ, ಯಾರೂ ಇಲ್ಲದ್ದು ನೋಡಿ ಬೇಸತ್ತು ಪಕ್ಕದ ಊರಿಗೆ ಹೋಗಿರಬೇಕು ಎಂಬುದು ಇದರ ತರ್ಕ. ಪಕ್ಕದ ಊರಿನವರೂ ಅದೇ ವಾರ ಹೊರಬೀಡು ಇಟ್ಟುಕೊಂಡರೆ ರೋಗದ ಗತಿ ಏನು ಎಂಬ ಪ್ರಶ್ನೆಯನ್ನು ಶಾಸ್ತ್ರಕಾರರು ಎತ್ತಿಲ್ಲ. 2020ರಲ್ಲಿ ಸರ್ಕಾರ ಎಲ್ಲರನ್ನೂ ಮನೆಯೊಳಗೆ ಕೂಡಿಹಾಕಿತು, ಹೊರಬೀಡು ಎಲ್ಲರನ್ನೂ ಬಯಲಿಗೆ ಬಿಡುತ್ತದೆ. ಗಾಳಿಬೆಳಕಿನ ದೃಷ್ಟಿಯಿಂದ ಯಾವುದು ಮೇಲು ಎಂಬ ಬಗ್ಗೆ ಪ್ರಬಂಧಕಾರ ಪಕ್ಷಪಾತಿ.

ಚಳಿಯೃತು

ಹುರಳಿ ಸಾರು ಕುಡಿಯತಕ್ಕದ್ದು. ಹೇಮಂತದಲ್ಲಿ ಅಭ್ಯಂಗ ಮಾಡು ಎನ್ನುತ್ತಾನೆ ವಾಗ್ಭಟ. ಚಳ್ಳಕೆರೆ ಎಣ್ಣೆಗಿರಣಿಗಳ ಊರಾದ್ದರಿಂದ ಇದಕ್ಕೆ ಕೊರತೆಯಿಲ್ಲ. ಜನ ಮಾತ್ರ ಎಣ್ಣೆಯನ್ನು ಹೊರಗಿನಿಂದ ಹಚ್ಚುವ ಬದಲು, ಸಂಜೆ ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬಜ್ಜಿಯ ರೂಪದಲ್ಲಿ ಒಳಗಿನಿಂದ ಹಚ್ಚಿಕೊಳ್ಳುತ್ತಾರೆ. ಹೆಚ್ಚು ಹೇಳಲು ಇಲ್ಲಿ ಏನೂ ಇಲ್ಲ.

ಶಾಸನಾಧಾರ

ಈ ನೆಲದಲ್ಲಿ ಆರೋಗ್ಯ ವಿಚಾರಣೆ ನಿನ್ನೆ ಮೊನ್ನೆಯದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಬಂಡೆಶಾಸನ ಶುರುವಾಗುವುದೇ ಕುಶಲಪ್ರಶ್ನೆಯಿಂದ. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ಅಂದರೆ 2,200 ವರ್ಷಗಳಿಗೂ ಹಿಂದೆ ಮೇಲಧಿಕಾರಿಗಳು ಕೆಳಗಿನವರನ್ನು ಮೊದಲು ‘ಹೇಗಿದ್ದೀರಿ’ ಎಂದು ವಿಚಾರಿಸಿ, ನಂತರ ಸುತ್ತೋಲೆ ಓದಿಸುತ್ತಿದ್ದರು. ಈ ಪದ್ಧತಿ ಮುಂದೆ ಯಾವ ಶತಮಾನದಲ್ಲಿ ನಿಂತಿತು ಎಂಬುದು ಕಂದಾಯ ಇಲಾಖೆಯ ಇತಿಹಾಸಕಾರರಿಗೆ ಬಿಟ್ಟ ವಿಷಯ. ಇಸಿಲದವರು ಕೊಟ್ಟ ಉತ್ತರವೂ ಕಲ್ಲಿನ ಮೇಲೆ ಇಲ್ಲ. ಬಹುಶಃ ಬಿಸಿಲಿಗೆ ಬಂಡೆ ಮುಟ್ಟಲಾಗಿರಲಿಕ್ಕಿಲ್ಲ.

ಇನ್ನೊಂದು ಸೂಕ್ಷ್ಮ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ಔಷಧಿ ಗಿಡಗಳನ್ನು ತರಿಸಿ ನೆಡಿಸುವುದು, ಬಾವಿ ತೋಡಿಸುವುದು ಇವನ್ನೆಲ್ಲ ಅಶೋಕ ಬರೆಸಿದ್ದು ಗಿರ್ನಾರದಂಥ ಕಡೆಯ ದೊಡ್ಡ ಶಾಸನಗಳಲ್ಲಿ. ಬ್ರಹ್ಮಗಿರಿಯಲ್ಲಿ ಅವನು ಕೆತ್ತಿಸಿದ ಉಪದೇಶ ಬೇರೆ: ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆಯಿರಲಿ, ಸತ್ಯ ಹೇಳಿ, ಗುರುವನ್ನು ಗೌರವಿಸಿ. ಔಷಧದ ಪ್ರಸ್ತಾಪ ಇಲ್ಲೇಕೆ ಇಲ್ಲ? ವಿದ್ವಾಂಸರು ಇದಕ್ಕೆ ಏನೇನೋ ಹೇಳಬಹುದು. ಅವ್ವನ ಮಾತು ಕೇಳಿದರೆ ಔಷಧದ ವಿಚಾರವೂ ಅದರಲ್ಲೇ ಬಂತು ಎಂದು ಚಕ್ರವರ್ತಿಗೆ ಗೊತ್ತಿತ್ತು, ಅಷ್ಟೇ. ಬಾವಿಯ ಪ್ರಸ್ತಾಪವನ್ನೂ ಬಿಟ್ಟದ್ದು ಮಾತ್ರ ತುಸು ದುಬಾರಿಯಾಯಿತು.

ನೈಸರ್ಗಿಕ ಎಂಬುದರ ಖಂಡನೆ

ಇಲ್ಲಿಯವರೆಗೆ ಹೇಳಿದ ಪದಾರ್ಥಗಳೆಲ್ಲ ಈಗ ಪೇಟೆಯಲ್ಲಿ ಡಬ್ಬಿಗಳಲ್ಲಿ ಕೂತಿವೆ. 2023 ವಿಶ್ವಸಂಸ್ಥೆ ಸಾರಿದ ಸಿರಿಧಾನ್ಯ ವರ್ಷ. ನವಣೆ, ಸಾಮೆ, ಸಜ್ಜೆಗಳಿಗೆ ಬೆಂಗಳೂರಿನಲ್ಲಿ ಸನ್ಮಾನವಾಯಿತು. ಅವುಗಳನ್ನು ಬೆಳೆಯುತ್ತಿದ್ದ ಹಟ್ಟಿಗಳ ತಟ್ಟೆಯಲ್ಲಿ ಅಷ್ಟೊತ್ತಿಗೆ ರೇಷನ್ ಅಕ್ಕಿಯ ಅನ್ನ ಬಂದು ಕೂತಿತ್ತು. ಡಬ್ಬಿಯ ಮೇಲೆ ‘ಶೇ 100 ನೈಸರ್ಗಿಕ’ ಎಂದಿರುತ್ತದೆ. ನೈಸರ್ಗಿಕವಾದದ್ದೆಲ್ಲ ಹಿತ ಎಂಬ ಈ ಪ್ರತಿಜ್ಞೆಯನ್ನು ಖಂಡಿಸಲು ಚಳ್ಳಕೆರೆ, ಮೊಳಕಾಲ್ಮೂರಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇರೆ ಇಲ್ಲ.

ಈ ಸೀಮೆಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಅದನ್ನು ಯಾವ ಕಾರ್ಖಾನೆಯೂ ಬೆರೆಸಿದ್ದಲ್ಲ. ನಮ್ಮದೇ ಕಗ್ಗಲ್ಲು ತನ್ನ ಒಡಲಿಂದ ಬಿಟ್ಟುಕೊಟ್ಟದ್ದು, ಶುದ್ಧ ನೈಸರ್ಗಿಕ, ಯಾವ ರಾಸಾಯನಿಕ ಸಂಸ್ಕರಣೆಗೂ ಒಳಪಡದ್ದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಬೆನ್ನು, ಮೊಣಕಾಲು ಸೆಟೆಯುತ್ತವೆ. ಇದಕ್ಕೆ ಬೇವು ನಾಟುವುದಿಲ್ಲ, ಹುರಳಿ ನಾಟುವುದಿಲ್ಲ, ಕಂಬಳಿಯೂ ಚುಚ್ಚಿ ಸೋಲುತ್ತದೆ. ಅವ್ವ ಪ್ರಮಾಣ ಮೌನವಾಗುವ ಜಾಗ ಇದೊಂದೇ, ಏಕೆಂದರೆ ಅವ್ವನ ಮೊಣಕಾಲೇ ಮಡಚುವುದಿಲ್ಲ.

ವಾಗ್ಭಟ ಶರದೃತುವಿನಲ್ಲಿ ಹಂಸೋದಕ ಕುಡಿ ಎನ್ನುತ್ತಾನೆ. ಹಗಲು ಸೂರ್ಯನಿಂದ ಕಾದು, ರಾತ್ರಿ ಚಂದ್ರನಿಂದ ತಣಿದು, ಅಗಸ್ತ್ಯ ನಕ್ಷತ್ರದ ಉದಯದಿಂದ ವಿಷ ಕಳೆದುಕೊಂಡ ನೀರದು. ನೂರಾರು ಅಡಿ ಆಳದ ಕೊಳವೆಯೊಳಕ್ಕೆ ಸೂರ್ಯನೂ ಇಣುಕುವುದಿಲ್ಲ, ಅಗಸ್ತ್ಯನೂ ಇಳಿಯುವುದಿಲ್ಲ. ಹಂಸೋದಕ ಸಿಗುವುದು ಕೆರೆಯಲ್ಲಿ, ಹೊಳೆಯಲ್ಲಿ. ಹಟ್ಟಿಯ ಗುರುವನ್ನು ಜನ ನೆನೆಯುವುದು ಪವಾಡಗಳಿಗೆ ಮಾತ್ರವಲ್ಲ, ಕೆರೆ ಕಟ್ಟಿಸಿದ್ದಕ್ಕೂ. ಋತುಚರ್ಯೆಯ ತಿರುಳು ಅವರಿಗೆ ವಾಗ್ಭಟನಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ನಮ್ಮ ಕಾಲದ ಉತ್ತರ ತುಂಗಭದ್ರಾ ಹಿನ್ನೀರನ್ನು ಕೊಳವೆಯಲ್ಲಿ ತರುವ ಕುಡಿಯುವ ನೀರಿನ ಯೋಜನೆ ಮತ್ತು ಭದ್ರಾ ಮೇಲ್ದಂಡೆ ಯೋಜನೆ. ಎರಡನೆಯದಕ್ಕೆ 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಎಂಬ ಮೋಡ ಕಟ್ಟಿತು. ಈ ಸೀಮೆಯವರಿಗೆ ಮೋಡ ಹೊಸದಲ್ಲ.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಫಾಲ್ಗುಣದಲ್ಲಿ ಜಾತ್ರೆಗೆ ಬನ್ನಿ, ತಲೆಗೊಂದು ಟವೆಲ್ ಇರಲಿ. ದಾರಿಯಲ್ಲಿ ಯಾರಾದರೂ ಮಜ್ಜಿಗೆ ಕೊಟ್ಟರೆ ಕುಡಿಯಿರಿ. ಅದು ಸಾವಯವವೇ ಎಂದು ಕೇಳಬೇಡಿ, ಅದಕ್ಕೆ ಬೆರೆಸಿದ ನೀರು ಯಾವ ಊರಿನದು ಎಂದು ಕೇಳಿ. ಉತ್ತರವನ್ನು ನಿಮ್ಮ ಶಾಸಕರಿಗೂ ತಿಳಿಸಿ.